ಡಿವಿಡಿ ಡೊಂಕಾಗಿದೆಯೇ? ಓದಿಸುವ ಮೊದಲು ಅಳೆದು ನೋಡುವ ಬಗೆ

ಓದದ ಡಿವಿಡಿ ಕೈಗೆ ಬಂದರೆ ಹೆಚ್ಚಿನವರು ಅದರ ಹೊಟ್ಟೆಯ ಮೇಲಿನ ಗೀರು ಹುಡುಕುತ್ತಾರೆ. ನಾನು ಮೊದಲು ಅದು ಸಪಾಟಾಗಿದೆಯೇ ಎಂದು ನೋಡುತ್ತೇನೆ. ಬೆಂಗಳೂರಿನ ಮನೆಗಳಲ್ಲಿ ಮದುವೆ, ನಾಮಕರಣ, ಗೃಹಪ್ರವೇಶದ ಡಿಸ್ಕುಗಳು ಸಜ್ಜೆಯ ಮೇಲೆ, ಆಲ್ಬಂಗಳ ಕೆಳಗೆ ಸಿಕ್ಕಿಕೊಂಡಿರುತ್ತವೆ. ಮಾರ್ಚ್, ಏಪ್ರಿಲ್‌ನಲ್ಲಿ ಆರ್‌ಸಿಸಿ ಚಾವಣಿ ಕಾದು ಆ ಶಾಖ ಸಜ್ಜೆಗೆ ಇಳಿಯುತ್ತದೆ. ಓರೆಯಾಗಿ ನಿಂತ ಪಾಲಿಕಾರ್ಬೊನೇಟ್ ತಟ್ಟೆ ವರ್ಷಗಟ್ಟಲೆ ಭಾರ ಹೊತ್ತು ಮೆಲ್ಲಗೆ ಬಾಗುತ್ತದೆ. ಹೀಗೆ ಬಾಗಿದ ಡಿಸ್ಕನ್ನು ಎಷ್ಟು ಪಾಲಿಶ್ ಮಾಡಿದರೂ ಓದುವುದಿಲ್ಲ. ಇದ್ದ ಮೈಯೂ ಸವೆಯುತ್ತದೆ, ಅಷ್ಟೆ.

ಸೊಟ್ಟ ಎಂಬ ಒಂದೇ ಮಾತಿನಡಿ ನಾಲ್ಕು ಬೇರೆ ಬೇರೆ ದೋಷಗಳು ಸೇರಿಕೊಂಡಿರುತ್ತವೆ. ಡಿಸ್ಕ್ ಬಾಣಲೆಯಂತೆ ಸುತ್ತಲೂ ಸಮನಾಗಿ ಬಾಗಿರಬಹುದು. ಕರಿದ ಹಪ್ಪಳದಂತೆ ಎರಡು ಕಡೆ ಮೇಲೆದ್ದು ಎರಡು ಕಡೆ ತಗ್ಗಿರಬಹುದು. ನಡುವಿನ 15 ಮಿ.ಮೀ. ತೂತಿಗೂ ಮಾಹಿತಿ ಬರೆದ ಸುರುಳಿ ಗೆರೆಗಳಾದ ಟ್ರ್ಯಾಕ್‌ಗಳ ಕೇಂದ್ರಕ್ಕೂ ಹೊಂದಾಣಿಕೆ ತಪ್ಪಿರಬಹುದು. ಇಲ್ಲವೇ ಒಂದು ಕಡೆ ತೂಕ ಹೆಚ್ಚಾಗಿರಬಹುದು. ಡ್ರೈವ್‌ನೊಳಗೆ ಇವು ನಾಲ್ಕೂ ಕೊಡುವ ತೊಂದರೆ ಬೇರೆ, ಮದ್ದೂ ಬೇರೆ. ಅದಕ್ಕೇ ಮೊದಲು ಅಳತೆ.

ಅಳೆಯಲು ಎಸ್.ಪಿ. ರೋಡ್‌ನಲ್ಲಿ ಸಿಗುವ ಹಳೆಯ ಡೆಸ್ಕ್‌ಟಾಪ್ ಡಿವಿಡಿ ರೈಟರ್ ಸಾಕು. ಅದು ಕೆಲಸ ಮಾಡಬೇಕೆಂದೇನಿಲ್ಲ, ಡಿಸ್ಕ್ ಕೂತು ತಿರುಗುವ ಸ್ಪಿಂಡಲ್ ಸರಿಯಿದ್ದರಾಯಿತು. ಕೆಳಗಿನ ನಾಲ್ಕು ಸ್ಕ್ರೂ ಬಿಚ್ಚಿ, ಮುಂಭಾಗದ ಸಣ್ಣ ರಂಧ್ರಕ್ಕೆ ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ ತೂರಿಸಿ ಟ್ರೇ ಹೊರಗೆಳೆದು, ಮುಚ್ಚಳ ತೆಗೆಯಿರಿ. ಈ ಡ್ರೈವಿಗೆ ಇನ್ನೆಂದೂ ಕರೆಂಟ್ ಕೊಡಬಾರದು. ಬರೆಯುವ ಲೇಸರ್ ಕಣ್ಣಿಗೆ ಶಾಶ್ವತ ಹಾನಿ ಮಾಡಬಲ್ಲದು, ಅದರಲ್ಲೂ ಸಿ.ಡಿ.ಯ 780 ನ್ಯಾನೋಮೀಟರ್ ಕಿರಣ ಸರಿಯಾಗಿ ಕಾಣುವುದೂ ಇಲ್ಲ. ಇಲ್ಲಿ ಡಿಸ್ಕನ್ನು ಬೆರಳಿನಿಂದಲೇ ತಿರುಗಿಸುವುದು.

ಮೇಲಿನ ಪಟ್ಟಿಯಲ್ಲಿರುವ ಆಯಸ್ಕಾಂತದ ಬಿಲ್ಲೆಯನ್ನು ಬಿಡಿಸಿಕೊಂಡು ಡಿಸ್ಕಿನ ಮೇಲಿಟ್ಟರೆ ಅದೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹಲವು ಡ್ರೈವ್‌ಗಳಲ್ಲಿ ಸ್ಪಿಂಡಲ್ ಕೂತಿರುವ ಚೌಕಟ್ಟು ನಾಲ್ಕು ರಬ್ಬರ್ ಬುಶ್‌ಗಳ ಮೇಲೆ ತೇಲುತ್ತಿರುತ್ತದೆ. ಹಾಗೆಯೇ ಬಿಟ್ಟರೆ ಬೆರಳು ತಾಗಿದಾಗಲೆಲ್ಲ ರೀಡಿಂಗ್ ಬದಲಾಗುತ್ತದೆ. ನಾಲ್ಕೂ ಮೂಲೆಗೆ ಮಡಿಸಿದ ರಟ್ಟು ತುರುಕಿ ಅಲುಗದಂತೆ ಮಾಡಿ, ಡ್ರೈವನ್ನು ದಪ್ಪ ಗಾಜು ಅಥವಾ ನಯವಾದ ಗ್ರಾನೈಟ್ ತುಂಡಿನ ಮೇಲಿಡಿ.

ಇನ್ನು ಡಯಲ್, ಅಂದರೆ ತುದಿ ತಾಗಿದ ಮೈಯ ಏರಿಳಿತವನ್ನು ಅಂಕಿಯಲ್ಲಿ ತೋರಿಸುವ ಮಾಪಕ. ಪೀಣ್ಯದ ಲೇತ್ ಕೆಲಸದವರು ಜಾಬ್‌ನ ರನ್‌ಔಟ್ (ತಿರುಗುವಾಗಿನ ಓಲಾಟ) ನೋಡುವುದೂ ಹೀಗೆಯೇ. ಆದರೆ ಅವರು ನೋಡುವುದು ಕಬ್ಬಿಣ, ನಮ್ಮದು 1.2 ಮಿ.ಮೀ. ದಪ್ಪದ ಪ್ಲಾಸ್ಟಿಕ್. ಸಾಮಾನ್ಯ ಪ್ಲಂಜರ್ ಡಯಲ್‌ನ ಸ್ಪ್ರಿಂಗ್ ಡಿಸ್ಕಿನ ಅಂಚನ್ನೇ ಒತ್ತಿ ಬಗ್ಗಿಸುತ್ತದೆ, ಬಂದ ಅಂಕಿ ಸುಳ್ಳಾಗುತ್ತದೆ. 0.01 ಮಿ.ಮೀ.ಯ ಲಿವರ್ ಡಯಲ್ ತೆಗೆದುಕೊಳ್ಳಿ, ಅದರ ಒತ್ತಡ ಬಹಳ ಕಡಿಮೆ. ಲೇಬಲ್ ಬದಿ ಮೇಲಿರಲಿ. ಕೇಂದ್ರದಿಂದ 55 ಮಿ.ಮೀ. ದೂರದಲ್ಲಿ ಮುಳ್ಳು ಕೂರಿಸಿ, ಗಡಿಯಾರದಂತೆ 12 ಜಾಗ ಗುರುತಿಸಿಕೊಂಡು ಒಂದೊಂದರ ಅಂಕಿ ಬರೆದುಕೊಳ್ಳಿ. ಆಮೇಲೆ 25 ಮಿ.ಮೀ. ದೂರದಲ್ಲಿ ಇನ್ನೊಂದು ಸುತ್ತು.

ಅಂಕಿಗಳನ್ನು ನಂಬುವ ಮೊದಲು ಒಂದು ಪರೀಕ್ಷೆ. ಬಿಲ್ಲೆ ತೆಗೆದು, ಸ್ಪಿಂಡಲ್ ಅಲುಗಿಸದೆ ಡಿಸ್ಕನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿ ಅಳೆಯಿರಿ. ಎತ್ತರದ ಜಾಗ ಡಿಸ್ಕಿನ ಜೊತೆ ಸರಿದರೆ ದೋಷ ಡಿಸ್ಕಿನದು. ಸ್ಪಿಂಡಲ್ ಜೊತೆಗೇ ಉಳಿದರೆ ಸ್ಪಿಂಡಲ್ ಬಾಗಿದೆ, ಇಲ್ಲವೇ ಅದರ ರಬ್ಬರ್ ಬಳೆಯ ಮೇಲೆ ಕೊಳೆ ಕೂತಿದೆ. 16 ಮಿ.ಮೀ. ದೂರದಲ್ಲಿ ಕೂತ 0.1 ಮಿ.ಮೀ. ದೂಳಿನ ಕಣ ಹೊರ ಅಂಚನ್ನು ಅದರ ಎರಡು ಪಟ್ಟಿಗೂ ಹೆಚ್ಚು ಎತ್ತಬಲ್ಲದು. ಡಿಸ್ಕಿನ ನಡುವಿನ ತೂತಿನ ಸುತ್ತ ಕೂದಲೆಳೆಯಂಥ ಬಿರುಕಿದೆಯೇ ಎಂದೂ ಆಗಲೇ ನೋಡಿಬಿಡಿ. ಬಿರುಕಿದ್ದರೆ ಅದನ್ನು ವೇಗದ ಡ್ರೈವಿಗೆ ಹಾಕಲೇಬಾರದು, ಒಳಗೇ ಚೂರಾಗಬಹುದು.

ಹೊರಸುತ್ತಿನ 12 ಅಂಕಿಗಳಲ್ಲಿ ಅತಿ ಹೆಚ್ಚಿನದರಿಂದ ಅತಿ ಕಡಿಮೆಯದನ್ನು ಕಳೆಯಿರಿ. ಡಿವಿಡಿ ಮಾನದಂಡ ಒಪ್ಪುವುದು ±0.3 ಮಿ.ಮೀ., ಅಂದರೆ ಒಟ್ಟು 0.6. ಒಂದು ಸುತ್ತಿಗೆ ಒಂದೇ ಏರು, ಒಂದೇ ಇಳಿತ ಇದ್ದರೆ ಡಿಸ್ಕ್ ಓರೆಯಾಗಿ ಕೂತಿದೆ. ಎರಡು ಏರು, ಎರಡು ಇಳಿತ ಇದ್ದರೆ ಹಪ್ಪಳ. ಹೊರಸುತ್ತಿನ ಅಂಕಿಗಳೆಲ್ಲ ಹೆಚ್ಚುಕಡಿಮೆ ಒಂದೇ ಆಗಿದ್ದು, ಒಳಸುತ್ತಿನ ಅಂಕಿಗಳಿಗಿಂತ ಮೇಲೋ ಕೆಳಗೋ ಇದ್ದರೆ ಬಾಣಲೆ.

ಬಾಣಲೆಯ ವಿಷಯದಲ್ಲಿ ಎಚ್ಚರ ಬೇಕು. ಲೆನ್ಸಿಗೆ ಎತ್ತರದ ಏರಿಳಿತವೇ ಇಲ್ಲದ್ದರಿಂದ ಫೋಕಸ್ ಸುಲಭವಾಗಿ ಸಿಗುತ್ತದೆ, ಡಿಸ್ಕ್ ಗುರುತಿಸಲ್ಪಡುತ್ತದೆ, ಮೆನು ಕೂಡ ಬರುತ್ತದೆ. ಕೆಡುವುದು ವಾಟದಿಂದ. ನೆಲಕ್ಕೆ ವಾಟ ಕೊಟ್ಟಂತೆ ಡಿಸ್ಕಿನ ಮೈ ಹೊರಗೆ ಹೋದಂತೆಲ್ಲ ವಾಲುತ್ತದೆ. ವಾಲಿದ ಪ್ಲಾಸ್ಟಿಕ್ಕಿನ ಮೂಲಕ ಹಾದ ಕಿರಣದ ಚುಕ್ಕೆ ದುಂಡಗಿರದೆ ಬಾಲ ಚಾಚುತ್ತದೆ, ಪಕ್ಕದ ಟ್ರ್ಯಾಕನ್ನೂ ಮುಟ್ಟುತ್ತದೆ. ಡಿವಿಡಿ ಟ್ರ್ಯಾಕ್‌ಗಳ ನಡುವಿನ ಅಂತರ ಬರೀ 0.74 ಮೈಕ್ರಾನ್, ಸಿ.ಡಿ.ಯಲ್ಲಿ 1.6. ವಾಟದ ಈ ಕಾಟ ಲೆನ್ಸಿನ ಎನ್.ಎ. ಎಂಬ ಸಂಖ್ಯೆಯ (ಲೆನ್ಸ್ ಎಷ್ಟು ಅಗಲದ ಕೋನದಿಂದ ಬೆಳಕನ್ನು ಒಂದೆಡೆ ಸೇರಿಸುತ್ತದೆ ಎಂಬುದರ ಅಳತೆ) ಘನದಷ್ಟು ಏರುತ್ತದೆ, ಕಿರಣ ಹಾಯುವ ಪ್ಲಾಸ್ಟಿಕ್ಕಿನ ದಪ್ಪದೊಂದಿಗೂ ಏರುತ್ತದೆ. ಲೆನ್ಸ್ ಚುರುಕಾದಂತೆಲ್ಲ ಪದರ ತೆಳುವಾಗಬೇಕಾದುದು ಇದರಿಂದಲೇ: ಸಿ.ಡಿ.ಯಲ್ಲಿ 1.2 ಮಿ.ಮೀ., ಡಿವಿಡಿಯಲ್ಲಿ 0.6, ಬ್ಲೂ-ರೇಯಲ್ಲಿ 0.1.

ಮಾನದಂಡ ಈ ವಾಟಕ್ಕೂ ಮಿತಿ ಹಾಕಿದೆ: ಕೇಂದ್ರದಿಂದ ಅಂಚಿನ ದಿಕ್ಕಿಗೆ 0.80 ಡಿಗ್ರಿ, ತಿರುಗುವ ದಿಕ್ಕಿಗೆ 0.30 ಡಿಗ್ರಿ. ಇಲ್ಲಿ ಬಹಳ ಜನ ಎಡವುತ್ತಾರೆ. ಇದು ಡಿಸ್ಕ್ ವಾಲಿದ ಕೋನವಲ್ಲ, ನೇರ ಬಿದ್ದ ಕಿರಣ ಮರಳುವಾಗ ಓರೆಯಾಗುವ ಕೋನ. ಕನ್ನಡಿ ಒಂದು ಡಿಗ್ರಿ ವಾಲಿದರೆ ಪ್ರತಿಫಲನ ಎರಡು ಡಿಗ್ರಿ ತಿರುಗುತ್ತದೆ. ಆದ್ದರಿಂದ ಡಿಸ್ಕಿನ ಮೈಗೆ ನಿಜವಾದ ಮಿತಿ 0.40 ಮತ್ತು 0.15 ಡಿಗ್ರಿ. ಡಯಲ್‌ನ ಭಾಷೆಯಲ್ಲಿ, 25 ಮತ್ತು 55 ಮಿ.ಮೀ. ರೀಡಿಂಗ್‌ಗಳ ನಡುವೆ 0.21 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು, ಹೊರಸುತ್ತಿನ ಪಕ್ಕಪಕ್ಕದ ಎರಡು ಗಂಟೆಗಳ ನಡುವೆ ಸುಮಾರು 0.075 ಮೀರಬಾರದು.

ಡಯಲ್ ಇಲ್ಲದವರು ಇದೇ ವ್ಯಾಖ್ಯೆಯನ್ನು ನೇರವಾಗಿ ಬಳಸಿಕೊಳ್ಳಬಹುದು. ಡಿಸ್ಕನ್ನು ಓದುವ ಬದಿ ಮೇಲಾಗಿ ಕೂರಿಸಿ, 1 ಮಿಲಿವ್ಯಾಟ್‌ಗಿಂತ ಕಡಿಮೆಯ ಕೆಂಪು ಪಾಯಿಂಟರನ್ನು ಸ್ಟ್ಯಾಂಡಿಗೆ ಬಿಗಿದು, ಕಿರಣ ಬಹುತೇಕ ನೇರವಾಗಿ ಕೆಳಗೆ ಬೀಳುವಂತೆ ಮಾಡಿ. ಮರಳಿದ ಚುಕ್ಕೆ ಚಾವಣಿಗೆ ಅಂಟಿಸಿದ ಗ್ರಾಫ್ ಹಾಳೆಯ ಮೇಲೆ ಬೀಳಲಿ. ಡಿಸ್ಕಿನಿಂದ ಹಾಳೆಗೆ 2 ಮೀಟರ್ ಇಟ್ಟರೆ 0.80 ಡಿಗ್ರಿಗೆ ಚುಕ್ಕೆ 28 ಮಿ.ಮೀ., 0.30 ಡಿಗ್ರಿಗೆ ಹತ್ತೂವರೆ ಮಿ.ಮೀ. ಸರಿಯುತ್ತದೆ. ಒಳಸುತ್ತಿನಿಂದ ಹೊರಸುತ್ತಿಗೆ ಹೋಗುವಾಗ ಪಾಯಿಂಟರ್ ಮುಟ್ಟಬೇಡಿ, ಡ್ರೈವನ್ನೇ ಗಾಜಿನ ಮೇಲೆ ಜಾರಿಸಿ. ಆಗ ಚುಕ್ಕೆ ಸರಿದದ್ದೆಲ್ಲ ವಾಟದ ಲೆಕ್ಕಕ್ಕೇ ಬರುತ್ತದೆ. ಸಿ.ಡಿ.ಯಾದರೆ ಪಕ್ಕದಲ್ಲಿ ಸುಮಾರು 24 ಡಿಗ್ರಿ ದೂರಕ್ಕೆ ಬೇರೆ ಚುಕ್ಕೆಗಳೂ ಬೀಳುತ್ತವೆ. ಅವು ಟ್ರ್ಯಾಕ್‌ಗಳು ಚದುರಿಸಿದ ಬೆಳಕು, ಅಳೆಯಬೇಕಾದದ್ದು ನಡುವಿನದನ್ನು. ಮಗು, ಬೆಕ್ಕು ಓಡಾಡುವ ಕೋಣೆಯಲ್ಲಿ ಈ ಕೆಲಸ ಬೇಡ.

ಹಪ್ಪಳದ ತೊಂದರೆ ವೇಗದ್ದು. 16 ಎಕ್ಸ್ ವೇಗದಲ್ಲಿ (ಮೂಲ ವೇಗದ 16 ಪಟ್ಟು) ಡಿಸ್ಕ್ ನಿಮಿಷಕ್ಕೆ ಸುಮಾರು 9,200 ಸುತ್ತು ತಿರುಗುತ್ತದೆ. ಒಂದು ಸುತ್ತಿಗೊಮ್ಮೆ ±0.3 ಮಿ.ಮೀ. ಏರಿಳಿಯುವ ಮೈಯನ್ನು ಹಿಂಬಾಲಿಸಲು ಲೆನ್ಸಿಗೆ ಗುರುತ್ವದ ಸುಮಾರು 28 ಪಟ್ಟು ವೇಗವರ್ಧನೆ ಬೇಕು. ಹಪ್ಪಳದಲ್ಲಿ ಸುತ್ತಿಗೆ ಎರಡು ಏರಿಳಿತ, ಹಾಗಾಗಿ ಇದರ ನಾಲ್ಕು ಪಟ್ಟು. ಫೋಕಸ್ ಆಳವಾದರೋ ಬರೀ 1.8 ಮೈಕ್ರಾನ್ ಆಸುಪಾಸು. ವೇಗವನ್ನು 4 ಎಕ್ಸ್‌ಗೆ ಇಳಿಸಿದರೆ ಬೇಕಾದ ವೇಗವರ್ಧನೆ ಹದಿನಾರನೇ ಒಂದಕ್ಕೆ ಇಳಿಯುತ್ತದೆ. ಹಪ್ಪಳಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಬಾಣಲೆಗೆ ಇದೇ ಮದ್ದು ನಾಟುವುದಿಲ್ಲ, ನಿಧಾನ ತಿರುಗಿದರೂ ವಾಟ ವಾಟವೇ.

ತೂಕದ ದೋಷ ಡಯಲ್‌ಗೆ ಸಿಗುವುದಿಲ್ಲ. ಹೆಸರು, ತಾರೀಕು ಬರೆದು ಅಂಟಿಸಿದ ಸ್ಟಿಕ್ಕರ್ ಒಂದು ಬದಿಗೆ ಇದ್ದರೆ ಅದನ್ನೇ ಅನುಮಾನಿಸಿ. ಕೇಂದ್ರದಿಂದ 40 ಮಿ.ಮೀ. ದೂರದ 0.2 ಗ್ರಾಂ ಕಾಗದ 9,200 ಸುತ್ತಿನಲ್ಲಿ ಸ್ಪಿಂಡಲನ್ನು 7 ನ್ಯೂಟನ್‌ಗೂ ಹೆಚ್ಚು ಬಲದಿಂದ ಎಳೆಯುತ್ತದೆ, ಅಂದರೆ ಮುಕ್ಕಾಲು ಕಿಲೋ ತೂಗುಬಿಟ್ಟ ಹಾಗೆ. 4 ಎಕ್ಸ್‌ನಲ್ಲಿ ಅದು 50 ಗ್ರಾಂನಷ್ಟೂ ಇಲ್ಲ. ಸ್ಟಿಕ್ಕರ್ ಕೀಳಬೇಡಿ. ಸಿ.ಡಿ.ಯ ಪ್ರತಿಫಲನ ಪದರ ಲೇಬಲ್ ಬದಿಯಲ್ಲೇ ಇರುತ್ತದೆ, ತೆಳು ಲ್ಯಾಕರ್ ಸಮೇತ ಎದ್ದು ಬರುತ್ತದೆ. ಬಂದರೆ ಅಲ್ಲಿದ್ದದ್ದು ಶಾಶ್ವತವಾಗಿ ಹೋಯಿತು. ಸರಿಯಾಗಿ ಎದುರು ಬದಿಗೆ, ಅಷ್ಟೇ ದೂರದಲ್ಲಿ ಅಷ್ಟೇ ಗಾತ್ರದ ಸ್ಟಿಕ್ಕರ್ ಅಂಟಿಸಿ ಸಮತೂಕ ಮಾಡುವುದು ಕ್ಷೇಮ.

ಡ್ರೈವ್ ತಾನೇ ಇದನ್ನೆಲ್ಲ ಪತ್ತೆಹಚ್ಚುವ ರೀತಿ ಗೊತ್ತಿದ್ದರೆ ಅದರ ವರ್ತನೆ ಅರ್ಥವಾಗುತ್ತದೆ. ಫೋಕಸ್ ಹಿಡಿದ ಮೇಲೆ ಉಳಿದ ತಪ್ಪು ಸಣ್ಣದು, ಡೊಂಕಿನ ಚಿತ್ರ ಕಾಣುವುದು ಲೆನ್ಸನ್ನು ಮೇಲೆ ಕೆಳಗೆ ಸರಿಸುವ ಕಾಯಿಲ್‌ಗೆ ಹೋಗುವ ವೋಲ್ಟೇಜಿನಲ್ಲಿ. ಸ್ಪಿಂಡಲ್ ಮೋಟರಿನ ಪಲ್ಸ್‌ಗಳೊಂದಿಗೆ ಅದನ್ನು ಹೋಲಿಸಿ, ಸುತ್ತಿಗೊಮ್ಮೆ ಮರಳುವ ಅಲೆ ದೊಡ್ಡದಾದರೆ ಡ್ರೈವಿನೊಳಗಿನ ತಂತ್ರಾಂಶವಾದ ಫರ್ಮ್‌ವೇರ್ ವೇಗ ಇಳಿಸುತ್ತದೆ. ಕೇಂದ್ರ ತಪ್ಪಿದ ಡಿಸ್ಕಿಗೆ ಟ್ರ್ಯಾಕಿಂಗ್ ಬಿಟ್ಟು, ಒಂದು ಸುತ್ತಿನಲ್ಲಿ ಎಷ್ಟು ಟ್ರ್ಯಾಕ್ ದಾಟಿತು ಎಂದು ಎಣಿಸುತ್ತದೆ. ಕೇಂದ್ರ 50 ಮೈಕ್ರಾನ್ ತಪ್ಪಿದ್ದರೆ ಸುತ್ತಿಗೆ ಸುಮಾರು 270. ಆಸಿಲೋಸ್ಕೋಪ್ ಇರುವವರು ಬೇರೊಂದು ಡ್ರೈವಿನ ಫೋಕಸ್ ಕಾಯಿಲ್‌ನ ಎರಡು ತುದಿಗೆ ತೆಳು ವೈರ್ ಬೆಸೆದು ಹೊರತಂದು, ಮುಚ್ಚಳ ಹಾಕಿ, ಆಮೇಲಷ್ಟೇ ಕರೆಂಟ್ ಕೊಟ್ಟು ಈ ಅಲೆಯನ್ನು ನೋಡಬಹುದು. ಎರಡು ಚಾನೆಲ್ ಬಳಸಿ ಒಂದರಿಂದ ಇನ್ನೊಂದನ್ನು ಕಳೆಯಬೇಕು. ಕಾಯಿಲ್‌ನ ಎರಡೂ ತುದಿ ಡ್ರೈವರ್ ಚಿಪ್ಪಿಗೆ ಸೇರಿರುವುದರಿಂದ ಪ್ರೋಬಿನ ಗ್ರೌಂಡ್ ಅಲ್ಲಿಗೆ ಕಚ್ಚಿಸಿದರೆ ಚಿಪ್ ಸುಡುತ್ತದೆ. ಅಳತೆ ಕಡಿಮೆ ವೇಗದಲ್ಲೇ ಇರಲಿ. ಲೆನ್ಸಿನ ಸ್ವಾಭಾವಿಕ ಕಂಪನಕ್ಕಿಂತ ಕೆಳಗೆ ಮಾತ್ರ ವೋಲ್ಟೇಜ್ ಎತ್ತರಕ್ಕೆ ಹೊಂದಿಕೊಂಡಿರುತ್ತದೆ. ಡಯಲ್‌ನಲ್ಲಿ ಅಳೆದ ಒಂದು ಡಿಸ್ಕ್ ಹಾಕಿ, 0.1 ಮಿ.ಮೀ.ಗೆ ಎಷ್ಟು ಮಿಲಿವೋಲ್ಟ್ ಎಂದು ಮೊದಲೇ ಬರೆದಿಟ್ಟುಕೊಳ್ಳಿ.

ಇಷ್ಟಾದ ಮೇಲೆ ಓದಿಸುವ ಕೆಲಸ. ಲಿನಕ್ಸ್‌ನ ಇಜೆಕ್ಟ್ ಕಮಾಂಡಿನಲ್ಲಿ ವೇಗ ಇಳಿಸಿ, ಜಿಎನ್‌ಯು ಡಿಡಿರೆಸ್ಕ್ಯೂ ತಂತ್ರಾಂಶದಲ್ಲಿ ಸೆಕ್ಟರ್ (ಒಮ್ಮೆಗೆ ಓದುವ ಮಾಹಿತಿಯ ತುಂಡು) ಗಾತ್ರ 2048 ಬೈಟ್ ಕೊಟ್ಟು, ಎಲ್ಲೆಲ್ಲಿ ಓದಲಾಗಲಿಲ್ಲ ಎಂದು ದಾಖಲಿಸುವ ಮ್ಯಾಪ್ ಫೈಲ್ ಸಮೇತ ನಕಲು ತೆಗೆಯುತ್ತೇನೆ. ಆ ಮ್ಯಾಪ್ ಕೂಡ ಡೊಂಕಿನ ಸುಳಿವು ಕೊಡುತ್ತದೆ. ಡಿವಿಡಿಯ ಹೊರಸುತ್ತಿನಲ್ಲಿ ಒಂದು ಸುತ್ತಿಗೆ ಸುಮಾರು 70 ಸೆಕ್ಟರ್, ಒಳಸುತ್ತಿನಲ್ಲಿ 29. ತಪ್ಪುಗಳು ಅಂಚಿನ ಬಳಿ 70ರ ಆಸುಪಾಸಿನ ಅಂತರದಲ್ಲಿ ಮರಳಿದರೆ ಸುತ್ತಿಗೊಂದು ದೋಷ, 35ರ ಆಸುಪಾಸಾದರೆ ಹಪ್ಪಳ. 16 ಸೆಕ್ಟರುಗಳು ತಪ್ಪು ತಿದ್ದುಪಡಿಯ ಒಂದೇ ಕಟ್ಟಿನಲ್ಲಿರುವುದರಿಂದ ಅಂತರ ಕರಾರುವಾಕ್ಕಾಗಿ ಬರುವುದಿಲ್ಲ, ಹತ್ತಾರು ಜಾಗ ನೋಡಿ ಸರಾಸರಿ ತೆಗೆಯಿರಿ. ಅಂಚಿನತ್ತ ಅಂತರವೇ ಇಲ್ಲದೆ ತಪ್ಪು ಏರುತ್ತಾ ಹೋದರೆ ಅದು ಬಾಣಲೆಯೂ ಆಗಬಹುದು, ಡೈ (ಬರೆಯುವ ಡಿಸ್ಕಿನಲ್ಲಿ ಮಾಹಿತಿ ಹಿಡಿದಿಡುವ ಬಣ್ಣದ ಪದರ) ಹಳತಾದದ್ದೂ ಆಗಬಹುದು. ಪಾಯಿಂಟರಿನ ಚುಕ್ಕೆ 28 ಮಿ.ಮೀ. ಒಳಗೇ ಇದ್ದರೆ ಡೈ ಎಂದೇ ತಿಳಿಯಿರಿ, ಸಪಾಟು ಮಾಡುವ ಶ್ರಮ ಬೇಡ.

ಬಾಣಲೆಯಾದರೆ ಬೇರೆ ಬೇರೆ ಡ್ರೈವ್‌ಗಳಲ್ಲಿ ಹಾಕಿ ನೋಡಿ. ಲೆನ್ಸನ್ನೇ ವಾಲಿಸಿ ವಾಟಕ್ಕೆ ಹೊಂದಿಸುವ ಡ್ರೈವ್‌ಗಳಿವೆ, ಅಂಥದ್ದೊಂದು ಸಿಕ್ಕರೆ ಕೆಲಸ ಮುಗಿಯಿತು. ಅದೂ ಆಗದಿದ್ದರೆ, ಬಂದಷ್ಟನ್ನು ನಕಲು ಮಾಡಿಕೊಂಡ ಮೇಲೆ, ಎರಡು 5 ಮಿ.ಮೀ. ಗಾಜಿನ ನಡುವೆ ನಯವಾದ ಕಾಗದ ಹಾಸಿ ಡಿಸ್ಕ್ ಇಟ್ಟು 3 ಕಿಲೋ ಭಾರ ಹೇರಿ. ಬಿಸಿನೀರು, ಹೇರ್ ಡ್ರೈಯರ್, ಬಿಸಿಲು ಯಾವುದೂ ಬೇಡ. ಪಾಲಿಕಾರ್ಬೊನೇಟ್ ಮೆತ್ತಗಾಗುವುದು 150 ಡಿಗ್ರಿ ಸಮೀಪದಲ್ಲಿ, ಅಷ್ಟರೊಳಗೆ ಡೈ ಮತ್ತು ನಡುವಿನ ಅಂಟು ಯಾವತ್ತೋ ಹಾಳಾಗಿರುತ್ತವೆ. ಮೂರು ವಾರ ಬಿಟ್ಟು ಹೊರತೆಗೆದ ಕೂಡಲೇ ಅಳೆಯಬಾರದು, ಆಗ ಎಲ್ಲವೂ ಸರಿಹೋದಂತೆ ಕಾಣುತ್ತದೆ. ಒಂದು ದಿನ ತೂತಿಗೆ ಕಡ್ಡಿ ತೂರಿಸಿ ತೂಗುಹಾಕಿ. ಹಿಂದಕ್ಕೆ ಬಾಗುವಷ್ಟು ಬಾಗಲಿ, ಆಮೇಲೆ ಮತ್ತೆ 24 ಅಂಕಿ ಬರೆದು ಹಳೆಯ ಚೀಟಿಯೊಂದಿಗೆ ಹೋಲಿಸಿ.