ನಮ್ಮ ರಂಗಮಂದಿರಕ್ಕೆ ನಾನೇ ಕಟ್ಟಿದ ತಂತಿ ಇಂಟರ್‌ಕಾಮ್

ಹದಿನಾಲ್ಕು ತಿಂಗಳಾಯಿತು, ನಲವತ್ತಕ್ಕೂ ಹೆಚ್ಚು ಪ್ರದರ್ಶನಗಳಾದವು. ತೆರೆಮರೆಯವರು ಹೆಡ್‌ಸೆಟ್‌ನಲ್ಲಿ ಪರಸ್ಪರ ಮಾತಾಡಲೆಂದು ನಾನು ಕಟ್ಟಿದ ಇಂಟರ್‌ಕಾಮ್‌ನ ಲೈನ್ ಒಂದು ಸಲವೂ ಕೈಕೊಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕಟ್ಟುತ್ತೇನೆ ಎಂದು ಹೊರಟಾಗ ಬೇಡ ಎಂದವರೇ ಎಲ್ಲರೂ. ಧ್ವನಿಯ ಕೆಲಸದಲ್ಲಿ ಮೂವತ್ತು ವರ್ಷ ಕಳೆದ ಹಿರಿಯರೊಬ್ಬರು, ‘ತಮ್ಮಾ, ಬೆಳಕು ಏರಿಸಿ ಇಳಿಸುವ ಡಿಮ್ಮರ್ ಪಕ್ಕದಲ್ಲಿ ತಂತಿ ಎಳೆದರೆ ನಿನಗೆ ಕೇಳಿಸುವುದು ಮಾತಲ್ಲ, ಜೇನುಗೂಡು’ ಎಂದಿದ್ದರು. ಮೊದಲ ಮೂರು ತಿಂಗಳು ನನಗೆ ಕೇಳಿಸಿದ್ದು ಅದೇ ಜೇನುಗೂಡು.

ನಮ್ಮದು ಬಸವನಗುಡಿ ಕಡೆಯ 160 ಆಸನಗಳ ಮಂದಿರ. ಬೆಳಕಿನ ಕ್ಯಾಬಿನ್ ಹಿಂದೆ ಅಟ್ಟದ ಮೇಲಿದೆ, ಧ್ವನಿಯ ಮೇಜು ಕೊನೆಯ ಸಾಲಿನ ಬೆನ್ನಿಗಿದೆ, ರಂಗ ನಿರ್ವಾಹಕರು ಎಡಗಡೆಯ ವಿಂಗ್‌ನಲ್ಲಿ ಕೂರುತ್ತಾರೆ, ಪರದೆ ಎಳೆಯುವವರು ಬಲಗಡೆ ಇರುತ್ತಾರೆ, ಪ್ರಸಾಧನ ಕೋಣೆ ವೇದಿಕೆಯ ಕೆಳಗಿದೆ. ವಿಂಗ್‌ನಿಂದ ಕ್ಯಾಬಿನ್‌ಗೆ ಗೋಡೆಯ ಅಂಚು ಹಿಡಿದು ಹೋದರೆ ಸುಮಾರು 38 ಮೀಟರ್. ಇಷ್ಟು ದೂರಕ್ಕೆ ನಾವು ವರ್ಷಗಟ್ಟಲೆ ಬಳಸಿದ್ದು ಟಾರ್ಚ್. ಒಮ್ಮೆ ಮಿನುಗಿಸಿದರೆ ಸಿದ್ಧರಾಗಿ, ಎರಡು ಸಲ ಮಿನುಗಿಸಿದರೆ ಬೆಳಕು ಇಳಿಸಿ. ಮುಂದಿನ ಸಾಲಿನವರಿಗೂ ಅದು ಕಾಣುತ್ತಿತ್ತು.

ಆಮೇಲೆ ನಾಲ್ಕು ವಾಕಿಟಾಕಿ ತಂದೆವು. 14 ಸಾವಿರ ರೂಪಾಯಿ ಖರ್ಚಾಯಿತು. ಬಟನ್ ಬಿಟ್ಟಾಗಲೆಲ್ಲ ಬರುವ ಸದ್ದಿಗೇ ಅರ್ಧ ಮನಸ್ಸು ಮುರಿದಿತ್ತು. ಉಳಿದರ್ಧವನ್ನು ಮುರಿದದ್ದು ಹಿಂದಿನ ಬೀದಿಯ ಕಲ್ಯಾಣ ಮಂಟಪ. ಮಗನನ್ನು ಕಳೆದುಕೊಂಡ ತಾಯಿ ಮಾತಿಲ್ಲದೆ ಕೂತಿರುವ ದೃಶ್ಯ ನಡೆಯುತ್ತಿತ್ತು. ವಿಂಗ್‌ನ ವಾಕಿಟಾಕಿಯಿಂದ ‘ಎರಡನೇ ಪಂಕ್ತಿಗೆ ಎಲೆ ಹಾಕಿ’ ಎಂಬ ದನಿ ಇಡೀ ಸಭಾಂಗಣಕ್ಕೆ ಕೇಳಿಸಿತು. ಆ ಕಲಾವಿದೆ ಹೇಗೆ ತಡೆದುಕೊಂಡರೋ! ಅಂದೇ ಅವನ್ನು ಕಪಾಟಿಗೆ ಸೇರಿಸಿದೆ. ನಂತರ ಮೊಬೈಲ್‌ನ ಗುಂಪು ಕರೆಯನ್ನು ಪ್ರಯತ್ನಿಸಿದೆವು. ಮಾತು ಅರ್ಧ ಸೆಕೆಂಡ್ ತಡವಾಗಿ ತಲುಪುತ್ತದೆ. ತಬಲದ ಮುಕ್ತಾಯಕ್ಕೆ ಸರಿಯಾಗಿ ಬೆಳಕು ಆರಬೇಕಾದ ಕಡೆ ಅರ್ಧ ಸೆಕೆಂಡ್ ಎಂದರೆ ದೃಶ್ಯವೇ ಕೆಟ್ಟಂತೆ.

ಸಿದ್ಧ ತಂತಿ ವ್ಯವಸ್ಥೆಯ ಬೆಲೆ ವಿಚಾರಿಸಿದಾಗ ಲೈನಿಗೆ ವಿದ್ಯುತ್ ಕೊಡುವ ಒಂದು ಬೇಸ್, ಸೊಂಟಕ್ಕೆ ಸಿಕ್ಕಿಸುವ ನಾಲ್ಕು ಬೆಲ್ಟ್‌ಪ್ಯಾಕ್, ಹೆಡ್‌ಸೆಟ್ ಎಲ್ಲ ಸೇರಿ ಎರಡೂವರೆ ಲಕ್ಷದ ಹತ್ತಿರ ಹೇಳಿದರು. ನಮ್ಮ ಸಮಿತಿ ವರ್ಷವಿಡೀ ದುರಸ್ತಿಗೆ ಇಡುವ ಹಣವೂ ಅಷ್ಟಿಲ್ಲ. ಸರಿ, ನಾನೇ ಕಟ್ಟುತ್ತೇನೆ ಎಂದೆ.

ಒಂದು ನಿರ್ಧಾರವನ್ನು ಮೊದಲ ದಿನವೇ ಮಾಡಿದೆ, ಅದಕ್ಕೆ ಇಂದಿಗೂ ಹೆಮ್ಮೆಯಿದೆ. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ರಾಕ್ ಸಂಗೀತದ ಗದ್ದಲದ ನಡುವೆ ಹುಟ್ಟಿದ ಕ್ಲಿಯರ್‌ಕಾಮ್ ಎಂಬ ಇಂಟರ್‌ಕಾಮ್ ಕಂಪನಿಯವರ ಪಿನ್ ಕ್ರಮವನ್ನೇ ಹಿಡಿದೆ. ಮೈಕ್‌ಗೆ ಬಳಸುವಂಥ ಮೂರು ಪಿನ್‌ನ ಎಕ್ಸ್‌ಎಲ್‌ಆರ್ ಕನೆಕ್ಟರ್, ಒಂದರಲ್ಲಿ ನೆಲ (ಗ್ರೌಂಡ್), ಎರಡರಲ್ಲಿ ವಿದ್ಯುತ್, ಮೂರರಲ್ಲಿ ಮಾತು. ಹೆಡ್‌ಸೆಟ್‌ಗೆ ನಾಲ್ಕು ಪಿನ್. ನನ್ನದೇ ಕ್ರಮ ಮಾಡಿಕೊಂಡಿದ್ದರೆ ಒಂದು ತಂತಿ ಉಳಿತಾಯವಾಗುತ್ತಿತ್ತೇನೋ, ಆದರೆ ಹೊರಗಿನವರ ಪ್ಯಾಕ್ ನಮ್ಮಲ್ಲಿ ಎಂದೂ ಕೂರುತ್ತಿರಲಿಲ್ಲ.

ಬಿಡಿಭಾಗಗಳೆಲ್ಲ ಎಸ್‌.ಪಿ. ರಸ್ತೆಯವು. ಬೇಸ್‌ನಲ್ಲಿ 24 ವೋಲ್ಟ್‌ನ ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್, ದಪ್ಪ ಕೆಪಾಸಿಟರ್, ವೋಲ್ಟೇಜನ್ನು ಸ್ಥಿರವಾಗಿಡುವ ಎಲ್‌ಎಂ317 ಚಿಪ್. ಹೊರಗೆ ಬರುವುದು 24 ವೋಲ್ಟ್ ಡಿಸಿ. ಲ್ಯಾಪ್‌ಟಾಪ್ ಚಾರ್ಜರ್ ಜಾತಿಯ ಸ್ವಿಚಿಂಗ್ ಸಪ್ಲೈ ಅಗ್ಗ ಎಂದು ಅಂಗಡಿಯವರು ಒತ್ತಾಯಿಸಿದರು. ಒಂದು ತಂದು ನೋಡಿದೆ, ಕಿವಿಯಲ್ಲಿ ಸಣ್ಣ ಸೀಟಿ ನಿಲ್ಲಲೇ ಇಲ್ಲ, ವಾಪಸು ಕೊಟ್ಟೆ. ಪ್ರತಿ ಪ್ಯಾಕ್‌ನಲ್ಲಿ ವೋಲ್ಟೇಜನ್ನು ಒಂಬತ್ತಕ್ಕೆ ಇಳಿಸುವ 7809, ದನಿ ಹಿಗ್ಗಿಸಲು ಮೈಕ್‌ಗೆ ಟಿಎಲ್‌072, ಕಿವಿಗೆ ಎಲ್‌ಎಂ386 ಚಿಪ್. ಒಂದು ಪ್ಯಾಕ್ ಸುಮ್ಮನಿರುವಾಗ 35 ಮಿಲಿ ಆಂಪಿಯರ್ ಆಸುಪಾಸು ಎಳೆಯುತ್ತದೆ, ಆರು ಪ್ಯಾಕ್ ಸೇರಿದರೂ ಕಾಲು ಆಂಪಿಯರ್ ದಾಟುವುದಿಲ್ಲ.

ಮೊದಲು ಕಟ್ಟಿದ ಎರಡು ಪ್ಯಾಕ್‌ಗಳು ಮೇಜಿನ ಮೇಲೆ ಚೆನ್ನಾಗಿ ಮಾತಾಡಿದವು. ಉದ್ದದ ಕೇಬಲ್‌ಗೆ ಹಾಕಿದೊಡನೆ ಹಳೆಯ ದೋಣಿಯ ಎಂಜಿನ್‌ನಂತೆ ಟಕ್ ಟಕ್ ಟಕ್ ಎನ್ನತೊಡಗಿದವು. ಗೊತ್ತಿರುವವರಿಗೆ ಗೊತ್ತು, ಒಂದರ ಮಾತು ವಿದ್ಯುತ್ತಿನ ತಂತಿಯ ಮೂಲಕ ಇನ್ನೊಂದಕ್ಕೆ ನುಗ್ಗುತ್ತಿತ್ತು. ಪ್ರತಿ ಪ್ಯಾಕ್‌ನ ಬಾಗಿಲಲ್ಲೇ ಒಂದು ಸಣ್ಣ ರೆಸಿಸ್ಟರ್ ಮತ್ತು 470 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಹಾಕಿದ ಮೇಲೆ ನಿಂತಿತು.

ಹೆಡ್‌ಸೆಟ್ ಎಲ್ಲಿಂದ ತಂದಿರಿ ಎಂದು ಎಲ್ಲರೂ ಕೇಳುತ್ತಾರೆ. ಈ ಊರಿನಲ್ಲಿ ಕಾಲ್ ಸೆಂಟರ್‌ಗಳಿಗೆ ಬರವೇ? ಮುಚ್ಚಿದ ಕಚೇರಿಗಳ ಹೆಡ್‌ಸೆಟ್‌ಗಳು ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ರಾಶಿ ಬಿದ್ದಿರುತ್ತವೆ. ಬೆಳಿಗ್ಗೆ ಏಳಕ್ಕೆ ಮುಂಚೆ ಹೋಗಬೇಕು. ಒಂದೇ ಕಿವಿಯವನ್ನೇ ಆರಿಸಿದೆ. ಇನ್ನೊಂದು ಕಿವಿ ವೇದಿಕೆಗೆ ಬೇಕಲ್ಲ. ಹತ್ತು ತೆಗೆದುಕೊಂಡೆ, ತಲಾ 150 ರೂಪಾಯಿ, ಎಂಟು ಚೆನ್ನಾಗಿದ್ದವು. ಸ್ಪಂಜು ಹೊಸದು ಹಾಕಿಸಿದೆ, ಮೈಕ್ ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಒರೆಸಿದೆ. ಅಲ್ಲೇ ಪರೀಕ್ಷಿಸಲು ಒಂಬತ್ತು ವೋಲ್ಟ್‌ನ ಬ್ಯಾಟರಿ ಕಟ್ಟಿದ ಪುಟ್ಟ ಡಬ್ಬಿಯೊಂದನ್ನು ಜೇಬಿನಲ್ಲಿ ಒಯ್ದಿದ್ದೆ. ಊದಿದರೆ ಕೇಳಬೇಕು, ಕೇಳದಿದ್ದರೆ ಬೇಡ.

ಈಗ ಜೇನುಗೂಡಿನ ವಿಷಯ. ಮೊದಲು ಎಳೆದದ್ದು ಲ್ಯಾನ್ ಕೇಬಲ್. ಅಗ್ಗ, ಎಂಟು ತಂತಿಗಳಿವೆ, ಸಾಲದೇ ಎಂದುಕೊಂಡೆ. ಅದನ್ನು ಬೆಳಕಿನ ಕೇಬಲ್‌ಗಳು ಹೋಗುವ ತಟ್ಟೆಯಲ್ಲೇ ಮಲಗಿಸಿದೆ. ಡಿಮ್ಮರ್‌ಗಳು ಪೂರ್ತಿ ಆರಿದ್ದಾಗ ಸದ್ದಿಲ್ಲ, ಪೂರ್ತಿ ಉರಿಯುವಾಗಲೂ ಹೆಚ್ಚಿಲ್ಲ. ಅರ್ಧಕ್ಕೆ ಇಳಿಸಿದರೆ ಮಾತು ಮುಳುಗಿಹೋಗುವಷ್ಟು ಗುಂಯ್. ನಮ್ಮ ನಾಟಕಗಳೋ ಅರ್ಧ ಬೆಳಕಿನಲ್ಲೇ ಬದುಕುವಂಥವು! 2,500 ರೂಪಾಯಿಯ ಆ ಕೇಬಲ್ಲನ್ನು ಕಿತ್ತು ಹಾಕಿ ಜಾಲರಿಯ ಕವಚವಿರುವ ಮೈಕ್ ಕೇಬಲ್ 120 ಮೀಟರ್ ತಂದೆ. ದಾರಿಯನ್ನೂ ಬದಲಿಸಿ ಎದುರು ಗೋಡೆಗೆ ಹೋದೆ. ಬೆಳಕಿನ ತಂತಿಯನ್ನು ದಾಟಲೇಬೇಕಾದ ಎರಡು ಕಡೆ ಅಡ್ಡಡ್ಡ ದಾಟಿಸಿದೆ. ವೇದಿಕೆಯ ಕೆಳಗೆ ಇಲಿಗಳಿವೆ, ಅಲ್ಲಿ ಪಿವಿಸಿ ಕೊಳವೆ ಹಾಕಿದೆ.

ಮುಕ್ಕಾಲು ಸದ್ದು ಹೋಯಿತು. ಉಳಿದ ಕಾಲು ಭಾಗ ನನ್ನ ನಿದ್ದೆ ತಿಂದಿತು. ಅದು ಬರುತ್ತಿತ್ತು, ಹೋಗುತ್ತಿತ್ತು, ಹೊತ್ತು ಗೊತ್ತಿರಲಿಲ್ಲ. ಬೇಸ್ ತೆಗೆದು ಯುಪಿಎಸ್‌ನ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ ಎರಡನ್ನು ಜೋಡಿಸಿ ಲೈನ್‌ಗೆ ಕೊಟ್ಟೆ. ಗುಂಯ್ ಮಾಯ. ಹಾಗಾದರೆ ತಪ್ಪು ನನ್ನ ಪವರ್ ಸಪ್ಲೈನದು ಎಂದು ತೀರ್ಮಾನಿಸಿ ಅದನ್ನು ಮೂರು ವಾರ ಬಿಚ್ಚಿ ಕಟ್ಟಿದೆ. ಟ್ರಾನ್ಸ್‌ಫಾರ್ಮರ್ ಬದಲಿಸಿದೆ, ಕೆಪಾಸಿಟರ್ ದುಪ್ಪಟ್ಟು ಮಾಡಿದೆ. ಏನೂ ಆಗಲಿಲ್ಲ.

ಕಡೆಗೆ ಸುಳಿವು ಕೊಟ್ಟದ್ದು ಚಹಾ. ತಾಲೀಮಿನ ನಡುವೆ ಬೆಳಕಿನ ಹುಡುಗ ಲೋಟ ಹಿಡಿಯಲೆಂದು ಸೊಂಟದ ಪ್ಯಾಕ್ ತೆಗೆದು, ಅದರ ಕ್ಲಿಪ್ಪನ್ನು ಕ್ಯಾಬಿನ್‌ನ ಕಬ್ಬಿಣದ ಕಂಬಿಗೆ ಸಿಕ್ಕಿಸಿದ. ತಕ್ಷಣ ಎಲ್ಲರ ಕಿವಿಯಲ್ಲೂ ಗುಂಯ್. ಚಹಾ ಮುಗಿಸಿ ಸೊಂಟಕ್ಕೆ ಹಾಕಿಕೊಂಡ, ಮೌನ. ನಾನು ಮೆಟ್ಟಿಲು ಹತ್ತಿ ಓಡಿದೆ. ಕ್ಲಿಪ್ ಕಂಬಿಗೆ ತಾಗಿಸಿದೆ, ಗುಂಯ್. ಬಿಡಿಸಿದೆ, ಮೌನ. ಹತ್ತು ಸಲ ಮಾಡಿದೆ. ಆ ಕಂಬಿ ಡಿಮ್ಮರ್ ಪೆಟ್ಟಿಗೆಯ ಅರ್ತ್‌ಗೆ ಸೇರಿದೆ, ನನ್ನ ಅಲ್ಯೂಮಿನಿಯಂ ಡಬ್ಬಿ ಒಂದನೇ ಪಿನ್‌ಗೆ ಸೇರಿದೆ, ಬೇಸ್‌ನ ಋಣ ತುದಿ ಇನ್ನೊಂದು ಅರ್ತ್‌ಗೆ ಸೇರಿದೆ. ಎರಡು ಅರ್ತ್‌ಗಳ ನಡುವೆ ಉಂಗುರ ಪೂರ್ತಿಯಾಗಿತ್ತು, ಗುಂಯ್ ಅದರಲ್ಲೇ ಸುತ್ತುತ್ತಿತ್ತು. ಬ್ಯಾಟರಿಗೆ ಅರ್ತೇ ಇಲ್ಲ, ಅದಕ್ಕೇ ಅದು ಸುಮ್ಮನಿತ್ತು, ಅದನ್ನು ನೋಡಿ ನಾನು ನಿರಪರಾಧಿ ಸಪ್ಲೈಯನ್ನು ಬಿಚ್ಚಿದ್ದೆ.

ಅರ್ತ್ ಒಂದೇ ಕಡೆ, ಅದೂ ಬೇಸ್‌ನಲ್ಲಿ ಮಾತ್ರ. ಕನೆಕ್ಟರ್‌ನ ಲೋಹದ ಮೈಯನ್ನು ಒಂದನೇ ಪಿನ್‌ಗೆ ಸೇರಿಸಲೇಬಾರದು. ನಮ್ಮ ವಸ್ತ್ರವಿನ್ಯಾಸದವರು ಆರು ಪ್ಯಾಕ್‌ಗೂ ಕ್ಯಾನ್ವಾಸ್ ಚೀಲ ಹೊಲಿದುಕೊಟ್ಟರು, ಕ್ಲಿಪ್ ಈಗ ಚೀಲಕ್ಕಿದೆ. ಮರುದಿನ ಹಿರಿಯರನ್ನು ಕರೆದು ಹೆಡ್‌ಸೆಟ್ ಕೊಟ್ಟು, ಹನ್ನೆರಡೂ ಡಿಮ್ಮರ್‌ಗಳನ್ನು ಅರ್ಧಕ್ಕೆ ಇಟ್ಟೆ. ಅವರು ಎರಡು ನಿಮಿಷ ಕೇಳಿ, ‘ಆನ್ ಆಗಿದೆಯೇನಪ್ಪಾ?’ ಎಂದರು. ಆ ಮಾತು ನನಗೆ ಸಾಕಾಗಿತ್ತು.

ಆದರೆ ನಿಜವಾದ ಪಾಠ ಕಲಿತದ್ದು ಸೈಡ್‌ಟೋನ್‌ನಲ್ಲಿ, ಎಂದರೆ ನಮ್ಮ ಮಾತು ನಮ್ಮದೇ ಕಿವಿಗೆ ಎಷ್ಟು ಬರಬೇಕು ಎಂಬುದರಲ್ಲಿ. ಮೊದಲು ಅದನ್ನು ಪೂರ್ತಿ ಅಳಿಸಿದೆ. ವಿದ್ಯುತ್ತಿನ ಅಲೆಯನ್ನು ಪರದೆಯಲ್ಲಿ ತೋರಿಸುವ ಸ್ಕೋಪ್‌ನಲ್ಲಿ ನೋಡಿದರೆ ಗೆರೆ ನೇರ, ಖುಷಿಯಾಯಿತು. ಮೊದಲ ಪ್ರದರ್ಶನದಲ್ಲಿ ರಂಗ ನಿರ್ವಾಹಕರ ಮಾತು ಎರಡನೇ ಸಾಲಿನವರೆಗೂ ಕೇಳಿಸಿತು. ಕಿವಿಗೆ ಇಯರ್‌ಫೋನ್ ತುರುಕಿಕೊಂಡವರು ಬಸ್ಸಿನಲ್ಲಿ ಹೇಗೆ ಕಿರುಚಿ ಮಾತಾಡುತ್ತಾರೋ ಹಾಗೆ. ತನ್ನ ದನಿ ತನಗೆ ಕೇಳದಿದ್ದರೆ ಮನುಷ್ಯ ಏರಿಸುತ್ತಾನೆ. ನಾನು ಉಲ್ಟಾ ಹೋದೆ. ಅವರವರ ದನಿ ಅವರಿಗೆ ಉಳಿದವರ ದನಿಗಿಂತ ತುಸು ಜೋರಾಗಿಯೇ ಕೇಳುವಂತೆ ಮಾಡಿದೆ, ಮೈಕ್‌ನ ಶಕ್ತಿಯನ್ನೂ ಹೆಚ್ಚಿಸಿದೆ. ಯಾರಿಗೂ ಏನೂ ಹೇಳಲಿಲ್ಲ. ಅದೇ ಸಂಜೆಯ ತಾಲೀಮಿನಲ್ಲಿ, ಅರ್ಧ ಗಂಟೆಯೊಳಗೆ, ಎಲ್ಲರೂ ಪಿಸುಮಾತಿಗೆ ಇಳಿದರು. ವಿಂಗ್‌ನಲ್ಲಿ ರಂಗ ನಿರ್ವಾಹಕರ ಮಗ್ಗುಲಲ್ಲೇ ನಿಂತಿದ್ದ ನನಗೆ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಕೇಳಿಸಲಿಲ್ಲ. ಅಟ್ಟದಲ್ಲಿ ಬೆಳಕು ಇಳಿಯಿತು. ಇಂಟರ್‌ಕಾಮ್ ಇರುವುದೇ ಇದಕ್ಕೆ. ಉಳಿದ ಗುಣಗಳೆಲ್ಲ ನಂತರದವು.

ಸೈಡ್‌ಟೋನ್‌ನ ಮಟ್ಟ ನಿರ್ಧರಿಸುವ ರೆಸಿಸ್ಟರ್ ಎಷ್ಟು ಓಮ್ ಎಂದು ಇಲ್ಲಿ ಬರೆಯುವುದಿಲ್ಲ. ಎರಡು ತಿಂಗಳು ಕೂತು ಕಂಡುಕೊಂಡದ್ದು, ಅದರ ಜೊತೆಗೆ ಒಂದು ಕೆಪಾಸಿಟರ್‌ನ ಚಳಕವೂ ಇದೆ. ಮಂದಿರಕ್ಕೆ ಬಂದವರಿಗೆ ಡಬ್ಬಿ ಬಿಚ್ಚಿ ತೋರಿಸುತ್ತೇನೆ.

ಲೈನನ್ನು ಮುಗಿಸುವ (ಟರ್ಮಿನೇಷನ್) 200 ಓಮ್ ರೆಸಿಸ್ಟರ್ ಬಗ್ಗೆ ಮಾತ್ರ ಎಚ್ಚರ ಹೇಳುತ್ತೇನೆ. ಅದು ಇಡೀ ಲೈನಿಗೆ ಒಂದೇ ಇರಬೇಕು, ನನ್ನದು ಬೇಸ್ ಒಳಗಿದೆ. ಪ್ರಸಾಧನ ಕೋಣೆಯ ಪೆಟ್ಟಿಗೆಯಲ್ಲೂ ಒಂದನ್ನು ಹಾಕಿ ಮರೆತಿದ್ದೆ, ಎಲ್ಲರ ದನಿಯೂ ಸೊರಗಿತು. ಎರಡನ್ನೂ ತೆಗೆದಾಗ ಲೈನ್ ಕಿರುಚಿಕೊಂಡಿತು.

ಇನ್ನೊಂದು ಅವಘಡ. ಇಂಟರ್‌ಕಾಮ್ ಕೇಬಲ್ ಮತ್ತು ಮೈಕ್ ಕೇಬಲ್ ನೋಡಲು ಒಂದೇ. ಗಡಿಬಿಡಿಯಲ್ಲಿ ಯಾರೋ ನನ್ನ ಲೈನಿನ ತುದಿಯನ್ನು ಮಿಕ್ಸರ್‌ಗೆ ಚುಚ್ಚಿದರು. 24 ವೋಲ್ಟ್ ಒಳಗೆ ಹೋಗಿ ಸಭಾಂಗಣದಲ್ಲಿ ಡಬ್ ಎಂದು ಗುಂಡು ಹಾರಿದ ಸದ್ದು. ಮಿಕ್ಸರ್ ಬದುಕಿತು. ಅಂದೇ ನನ್ನ ಕೇಬಲ್‌ಗಳ ಎರಡೂ ತುದಿಗೆ ಒಂದು ಗೇಣು ಕೆಂಪು ಸ್ಲೀವ್ ತೊಡಿಸಿದೆ. ಕೆಂಪನ್ನು ಮುಟ್ಟುವವನು ನಾನೊಬ್ಬನೇ.

ಇದರ ನಡುವೆ ಬೇರೆ ಕೆಲವನ್ನೂ ಮಾಡಿ ನೋಡಿದೆ. ಹಿಮ್ಮೇಳದವರಿಗೆ ಹೆಡ್‌ಸೆಟ್ ಹಾಕಿಸಿದೆ. ಹಾರ್ಮೋನಿಯಂ ನುಡಿಸುವವರು ಐದೇ ನಿಮಿಷಕ್ಕೆ ತೆಗೆದಿಟ್ಟರು. ಶ್ರುತಿ ಕೇಳುವ ಕಿವಿಗೆ ಇನ್ನೊಬ್ಬರ ಮಾತು ಬೇಡ ಎಂದರು, ಒಪ್ಪಿದೆ. ಅವರಿಗೆ ಒಂದು ಕೆಂಪು, ಒಂದು ಹಸಿರು ಝೀರೋ ಬಲ್ಬ್ ಇಟ್ಟು ಸ್ವಿಚ್ ವಿಂಗ್‌ಗೆ ಕೊಟ್ಟೆ. ಕೆಂಪು ಉರಿದರೆ ಸಿದ್ಧ, ಹಸಿರಿಗೆ ಹಾಡು. ವೇದಿಕೆಯ ಮೇಲೆ ಒಂದು ಮೈಕ್ ತೂಗುಹಾಕಿ ಪ್ರಸಾಧನ ಕೋಣೆಯ ಸ್ಪೀಕರ್‌ಗೆ ಕೊಟ್ಟದ್ದು ಬೇರೆಯೇ ಉಪಕಾರವಾಯಿತು. ಪ್ರವೇಶ ತಪ್ಪಿಸಿಕೊಳ್ಳುವ ನಟರು ಈಗ ಇಲ್ಲ. ಪ್ಯಾಕ್‌ನ ಕರೆ ದೀಪ ಮೊದಲು ಎಷ್ಟು ಪ್ರಖರವಾಗಿತ್ತೆಂದರೆ ವಿಂಗ್‌ನ ಕಪ್ಪು ಬಟ್ಟೆಯ ಮೇಲೆ ಕೆಂಪಾಗಿ ಬೀಳುತ್ತಿತ್ತು. ಅದರ ಮೇಲೆ ಉಗುರುಬಣ್ಣ ಬಳಿದೆ, ಪ್ರಸಾಧನದ ಪೆಟ್ಟಿಗೆಯಲ್ಲೇ ಸಿಕ್ಕಿತು.

ಆ ಎರಡು ಬ್ಯಾಟರಿಗಳನ್ನೂ ದಂಡ ಮಾಡಲಿಲ್ಲ. ಕರೆಂಟ್ ಹೋದರೆ ಲೈನ್ ತಾನಾಗಿ ಅವಕ್ಕೆ ಬದಲಾಗುತ್ತದೆ. ಲೆಕ್ಕದ ಪ್ರಕಾರ ಒಂದು ದಿನ ಬರಬೇಕು, ಒಮ್ಮೆ ಮೂರು ಗಂಟೆ ಓಡಿಸಿದ್ದೇನೆ, ವೋಲ್ಟೇಜ್ ಹೆಚ್ಚು ಇಳಿಯಲಿಲ್ಲ.

ಖರ್ಚು ನೆನಪಿನಿಂದ ಹೇಳುತ್ತೇನೆ. ಕೇಬಲ್ 5,800, ಒಳ್ಳೆಯ ಕನೆಕ್ಟರ್‌ಗಳು 4,000, ಆರು ಪ್ಯಾಕ್‌ಗಳಿಗೆ ತಲಾ 1,400ರಂತೆ 8,400, ಹೆಡ್‌ಸೆಟ್ 1,500, ಬೇಸ್ 2,200. ಒಟ್ಟು 22 ಸಾವಿರದ ಒಳಗೆ. ಬ್ಯಾಟರಿ ಬೇರೆ. ಕಲಿಯಲು ಕಳೆದದ್ದು ಇನ್ನೂ 19 ಸಾವಿರ, ಅದರಲ್ಲಿ ವಾಕಿಟಾಕಿಯದೇ ಹೆಚ್ಚು. ಕನೆಕ್ಟರ್‌ನಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಅಗ್ಗದವಕ್ಕೆ 1,500 ಕೊಟ್ಟೆ, ಬೆಸುಗೆಯ ಕಾವು ತಾಗಿದೊಡನೆ ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ ವಾಲುತ್ತಿತ್ತು. ಒಂದೂ ಉಳಿಯಲಿಲ್ಲ.

ಕಳೆದ ತಿಂಗಳು ಹೊರ ಊರಿನ ತಂಡವೊಂದು ಬಂದಿತ್ತು. ಅವರ ಬೆಳಕಿನವರ ಬಳಿ ಬಾಡಿಗೆಗೆ ತಂದ ಅಸಲಿ ಕ್ಲಿಯರ್‌ಕಾಮ್ ಪ್ಯಾಕ್ ಇತ್ತು. ಬೇಸ್ ಎಲ್ಲಿದೆ ಎಂದು ಕೇಳಿದರು. ಕೆಂಪು ಸ್ಲೀವ್‌ನ ಕೇಬಲ್ ಕೈಗೆ ಕೊಟ್ಟೆ. ಸಿಕ್ಕಿಸಿದರು, ಮಾತಾಡಿದರು, ಉತ್ತರ ಬಂತು, ದನಿಯ ಗುಂಡಿಯನ್ನು ತುಸು ಇಳಿಸಿಕೊಂಡು ಕೆಲಸ ಶುರು ಮಾಡಿದರು. ಇದು ಯಾವ ಕಂಪನಿಯದು ಎಂದು ಅವರು ಕೇಳಿದ್ದು ನಾಟಕ ಮುಗಿದು ಸಾಮಾನು ಕಟ್ಟುವಾಗ.

ಧ್ವನಿಯವರಿಗೆ ಪ್ರತ್ಯೇಕ ಎರಡನೇ ಲೈನ್ ಬೇಕೆಂಬ ಬೇಡಿಕೆ ಈಗ ಬಂದಿದೆ. 60 ಮೀಟರ್ ಕೇಬಲ್ ತಂದಿಟ್ಟಿದ್ದೇನೆ, ಮಳೆಗಾಲದಲ್ಲಿ ಪ್ರದರ್ಶನಗಳು ಕಡಿಮೆಯಾದಾಗ ಎಳೆಯುತ್ತೇನೆ.