ಓದುಗರು ಪುಸ್ತಕ ಮಡಚಿಟ್ಟ ಪುಟ: ಚೊಚ್ಚಲ ಕಾದಂಬರಿಗೆ ಪ್ರತಿಕ್ರಿಯೆ ಕಲೆಹಾಕುವ ನನ್ನ ಕ್ರಮ

ಚೊಚ್ಚಲ ಕಾದಂಬರಿ ಓದಿದವರಿಂದ ಮೊದಲು ಬರುವ ಮಾತು ‘ಚೊಲೊ ಇದ್ದು’, ಅಂದರೆ ಚೆನ್ನಾಗಿದೆ. ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರದ ಕಡೆ ಇದನ್ನು ಪ್ರೀತಿಯಿಂದಲೇ ಹೇಳುತ್ತಾರೆ. ಬರೆದವರಿಗೆ ಅದರಿಂದ ಧೈರ್ಯ ಬರುತ್ತದೆ, ತಿದ್ದುವುದಕ್ಕೆ ಮಾತ್ರ ಏನೂ ಸಿಗುವುದಿಲ್ಲ. ಹಸ್ತಪ್ರತಿಯನ್ನು ಓದುಗರ ಕೈಗೆ ಕೊಟ್ಟು ಅವರ ಮಾತು ಕಲೆಹಾಕುವಾಗ ನಾನು ಮುಖ್ಯವಾಗಿ ಹುಡುಕುವುದು ಒಂದನ್ನೇ: ಅವರು ಯಾವ ಪುಟದಲ್ಲಿ ನಿಂತರು? ಒಬ್ಬ ಮನುಷ್ಯನ ಬದಲಾವಣೆಯನ್ನೂ ಲೋಕದ ಬದಲಾವಣೆಯನ್ನೂ ಜೊತೆಗೇ ಹೇಳಹೊರಟ ಕಾದಂಬರಿಯಲ್ಲಿ ಆ ಪುಟ ಹೆಚ್ಚಾಗಿ ಎರಡನ್ನೂ ಬೆಸೆಯುವ ಜಾಗದಲ್ಲಿ ಇರುತ್ತದೆ. ಅದನ್ನು ಪತ್ತೆ ಮಾಡುವಂತೆ ಇಡೀ ಕೆಲಸವನ್ನು ಹೊಂದಿಸಿಕೊಳ್ಳಬೇಕು.

ಮೊದಲು ಕಾಲ. ಘಟ್ಟದ ಮೇಲೆ ಅಡಿಕೆ ಕೊಯ್ಲು ಶುರುವಾದ ಮೇಲೆ ಹಸ್ತಪ್ರತಿ ಕೊಟ್ಟರೆ ಗೊನೆ ಇಳಿಸಿ, ಸುಲಿದು, ಬೇಯಿಸಿ, ಒಣಗಿಸಿ ಮುಗಿಯುವ ತನಕ ಯಾರೂ ಪುಟ ತಿರುವುವುದಿಲ್ಲ. ತಿರುವಿದರೂ ರಾತ್ರಿ ನಿದ್ದೆಗಣ್ಣಲ್ಲಿ ತಿರುವಿರುತ್ತಾರೆ. ಆ ಓದಿನಲ್ಲಿ ಬಂದ ‘ಬೇಸರ’ ಪುಸ್ತಕದ್ದೋ ದಣಿವಿನದ್ದೋ ಹೇಳಲಾಗದು. ಮಳೆಗಾಲವೇ ಸರಿಯಾದ ಹೊತ್ತು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುವುದರಿಂದ ಕಾರವಾರ, ಅಂಕೋಲಾ, ಹೊನ್ನಾವರದ ಮೀನುಗಾರ ಮನೆಗಳಲ್ಲೂ ಓದುವವರಿಗೆ ಬಿಡುವು ಸಿಗುತ್ತದೆ. ಶಿಕ್ಷಕರಿಗೆ ಮಾತ್ರ ಜೂನ್ ತಿಂಗಳು ಬೇಡ. ಅವರಿಗೆ ಬೇಸಿಗೆ ರಜೆ ಅಥವಾ ದಸರಾ ರಜೆ.

ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ನೆಚ್ಚುವಂತಿಲ್ಲ, ಹಾಗಾಗಿ ಕಾಗದದ ಪ್ರತಿಯೇ ಬೇಕು. ಎ4 ಹಾಳೆ, ಒಂದೇ ಬದಿ ಮುದ್ರಣ, ಅಕ್ಷರದ ಗಾತ್ರ 13, ಸಾಲುಗಳ ನಡುವೆ ಒಂದೂವರೆ ಅಂತರ, ಬಲಗಡೆ 5 ಸೆಂಟಿಮೀಟರ್ ಖಾಲಿ ಅಂಚು. ಪ್ರತಿ ಪುಟಕ್ಕೆ ಸಂಖ್ಯೆ ಕಡ್ಡಾಯ. ಅರವತ್ತು ಸಾವಿರ ಪದದ ಕಾದಂಬರಿ ಹೀಗೆ ಇನ್ನೂರೈವತ್ತು ಪುಟದ ಆಸುಪಾಸಿಗೆ ಬರುತ್ತದೆ. ಅದನ್ನು ಎರಡು ಕಟ್ಟು ಮಾಡಿ ಸ್ಪೈರಲ್ ಹಾಕಿಸಿ, ಒಂದೇ ಕಟ್ಟು ಮಾಡಿದರೆ ಮಲಗಿ ಓದುವವರ ಕೈ ಸೋಲುತ್ತದೆ. ಇಂಕ್‌ಜೆಟ್ ಮುದ್ರಣ ಬೇಡವೇ ಬೇಡ. ಆಷಾಢದ ಶೀತಕ್ಕೆ ಅದರ ಶಾಯಿ ಹರಡುತ್ತದೆ, ಲೇಸರ್ ಅಥವಾ ಜೆರಾಕ್ಸ್ ಪ್ರತಿಗೆ ಆ ತೊಂದರೆಯಿಲ್ಲ. ಮೊಬೈಲಿನಲ್ಲೇ ಓದುತ್ತೇನೆ ಎನ್ನುವ ಕಾಲೇಜು ಹುಡುಗರಿಗೆ ಪಿಡಿಎಫ್ ಕೊಡಿ. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದನ್ನು ಹಾಗೇ ವಾಟ್ಸಾಪಿಗೆ ನಕಲಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಮೊದಲು ಯೂನಿಕೋಡಿಗೆ ಬದಲಿಸಿ, ಬದಲಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ, ಅವೇ ಹೆಚ್ಚು ಕೆಡುವುದು.

ಹನ್ನೆರಡು ಓದುಗರು ಸಾಕು. ಇಪ್ಪತ್ತಕ್ಕೆ ಹೋದರೆ ಎಲ್ಲರ ಜೊತೆ ಕೂತು ಮಾತಾಡಲು ಆಗುವುದಿಲ್ಲ, ಆರಕ್ಕೆ ಇಳಿದರೆ ಒಬ್ಬರ ರುಚಿಯೇ ಎಲ್ಲರ ತೀರ್ಪಿನಂತೆ ಕಾಣತೊಡಗುತ್ತದೆ. ಬರೆದವರ ಮನೆಯವರನ್ನೂ ಆಪ್ತ ಗೆಳೆಯರನ್ನೂ ಈ ಹನ್ನೆರಡರಲ್ಲಿ ಸೇರಿಸುವುದಿಲ್ಲ. ಅವರು ಓದಲಿ, ಲೆಕ್ಕಕ್ಕೆ ಬೇಡ. ಮೂರು ಜನ ಕಾದಂಬರಿಗಳನ್ನೇ ಉಣ್ಣುವವರು, ಮೂರು ಜನ ವರ್ಷಕ್ಕೊಂದು ಪುಸ್ತಕ ಓದುವವರು. ಉಳಿದ ಆರು ಜನರನ್ನು ಕಾದಂಬರಿಯ ಲೋಕ ನೋಡಿ ಆರಿಸಬೇಕು. ಅಘನಾಶಿನಿ ಅಳಿವೆಯಲ್ಲಿ ನಡೆಯುವ ಕಥೆಯಾದರೆ ಗಜನಿಯಲ್ಲಿ, ಅಂದರೆ ಉಪ್ಪುನೀರಿನ ಗದ್ದೆಯಲ್ಲಿ, ಉಪ್ಪು ತಡೆಯುವ ಕಗ್ಗ ಭತ್ತ ಬೆಳೆದು ಗೊತ್ತಿರುವ ಒಬ್ಬರು ಬೇಕು, ದೋಣಿಯವರೊಬ್ಬರು, ತೋಟ ಇರುವವರೊಬ್ಬರು, ಮನೆಯಲ್ಲಿ ಕೊಂಕಣಿ ಆಡಿ ಕನ್ನಡದಲ್ಲಿ ಓದುವವರೊಬ್ಬರು. ಕಣ್ಣು ಮಂಜಾದ ಹಿರಿಯರೊಬ್ಬರಿಗೆ ಮೊಮ್ಮಗಳೋ ಮೊಮ್ಮಗನೋ ಗಟ್ಟಿಯಾಗಿ ಓದಿ ಹೇಳುವ ವ್ಯವಸ್ಥೆ ಆದರೆ ಬಹಳ ಒಳ್ಳೆಯದು. ನಾಲಿಗೆಗೆ ಬಾರದ ವಾಕ್ಯ ಅಲ್ಲೇ ಸಿಕ್ಕಿಬೀಳುತ್ತದೆ.

ಪ್ರತಿಯ ಜೊತೆ ಪೆನ್ಸಿಲ್ ಕೊಟ್ಟು ನಾಲ್ಕೇ ಗುರುತು ಹೇಳಿಕೊಡುತ್ತೇನೆ. ಹಿಡಿಸಿದಲ್ಲಿ ಸರಿ ಗುರುತು, ತಿಳಿಯದಲ್ಲಿ ಪ್ರಶ್ನೆ ಗುರುತು, ಬೇಸರ ಬಂದಲ್ಲಿ ಅಂಚಿನಲ್ಲಿ ಉದ್ದ ಗೀಟು, ನಂಬಿಕೆ ಬಾರದಲ್ಲಿ ಗುಣಿಸು ಗುರುತು. ಓದು ನಿಲ್ಲಿಸಿ ಎದ್ದ ಪುಟದ ಮೂಲೆಯನ್ನು ಮಡಚಿ ಬಿಡಿ, ಬಿಡಿಸಬೇಡಿ ಎಂದೂ ಹೇಳಬೇಕು. ಊಟಕ್ಕೆ ಎದ್ದದ್ದೂ ಬೇಸರಕ್ಕೆ ಎದ್ದದ್ದೂ ಒಂದೇ ಥರ ಮಡಚಿರುತ್ತದೆ ನಿಜ. ಆದರೆ ಹನ್ನೆರಡು ಪ್ರತಿಗಳನ್ನು ಪಕ್ಕಪಕ್ಕ ಇಟ್ಟಾಗ ನಾಲ್ಕೈದು ಮಡಿಕೆ ಒಂದೇ ಅಧ್ಯಾಯದಲ್ಲಿ ಬಿದ್ದಿದ್ದರೆ ಅಷ್ಟು ಮನೆಗಳಲ್ಲಿ ಒಂದೇ ಹೊತ್ತಿಗೆ ಊಟ ಆಗಿರಲಾರದು.

ಈ ಬಗೆಯ ಕಾದಂಬರಿಯಲ್ಲಿ ಗುಣಿಸು ಗುರುತಿಗೆ ತೂಕ ಹೆಚ್ಚು. ಕಥೆ ಹೀಗೆ ಎಂದುಕೊಳ್ಳಿ: ನಗರದಲ್ಲಿ ಕೆಲಸ ಬಿಟ್ಟು ಊರಿಗೆ ಮರಳಿದ ಹುಡುಗಿ ತನ್ನೊಳಗೆ ಬದಲಾಗುತ್ತಾಳೆ, ಕಡಲು ಬಿಸಿಯಾಗುತ್ತಿರುವುದು ಅವಳಿಗೆ ಅರಿವಾಗುತ್ತದೆ, ಕೊನೆಗೆ ಊರೇ ಎದ್ದು ನಿಲ್ಲುತ್ತದೆ. ಇಂಥ ಹಸ್ತಪ್ರತಿಗೆ ಮೂರು ಮಾತು ಮತ್ತೆ ಮತ್ತೆ ಬರುತ್ತವೆ.

ಒಂದು, ‘ಇಲ್ಲಿ ಭಾಷಣ ಆಯಿತು’. ಒಂದು ಪಾತ್ರ ಎಂಟು ಹತ್ತು ಸಾಲು ತಡೆಯಿಲ್ಲದೆ ಮಾತಾಡಿದಲ್ಲಿ ಈ ಮಾತು ಬಂದೇ ಬರುತ್ತದೆ, ಅದರಲ್ಲೂ ವರದಿಯ ಅಂಕಿಗಳು ಪಾತ್ರದ ಬಾಯಿಗೆ ಬಂದಾಗ. ಭೂಮಿಯ ತಾಪ ಒಂದೂವರೆ ಡಿಗ್ರಿ ಏರುವ ಮಾತನ್ನು ಓದುಗರು ಹಾರಿಸಿ ಹೋಗುತ್ತಾರೆ. ಅದೇ ಅಡಿಕೆಯ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣದ ಎರಡನೆಯ ಸಿಂಪರಣೆಗೆ ಮಳೆ ಬಿಡುವು ಕೊಡದೆ, ಕಲಸಿಟ್ಟ ಮೈಲುತುತ್ತ ಸುಣ್ಣ ವ್ಯರ್ಥವಾಗಿ, ಅಡಿಕೆ ಉದುರಿ ಮರದ ಬುಡ ತುಂಬುವ ದೃಶ್ಯ ಇದ್ದರೆ ಘಟ್ಟದ ಓದುಗರು ಅದನ್ನು ಮನಸ್ಸಿಟ್ಟು ಓದುತ್ತಾರೆ. ಮೊದಲ ಸಿಂಪರಣೆ ಮಳೆ ಹಿಡಿಯುವ ಮುಂಚೆ, ಎರಡನೆಯದು ನಲವತ್ತು ನಲವತ್ತೈದು ದಿನಕ್ಕೆ. ಮಳೆಯ ಕ್ರಮ ತಪ್ಪಿದರೆ ಈ ಲೆಕ್ಕವೇ ತಪ್ಪುತ್ತದೆ. ಲೋಕದ ಬದಲಾವಣೆ ಅವರಿಗೆ ಮುಟ್ಟುವುದು ಈ ದಾರಿಯಿಂದ. ಕರಾವಳಿಯವರಿಗೆ ಅದು ಮೀನಿನಿಂದ ಮುಟ್ಟುತ್ತದೆ: ಒಂದು ವರ್ಷ ರಾಶಿ ಬಿದ್ದ ತಾರ್ಲೆ (ಬೂತಾಯಿ) ಮೀನು ಇನ್ನೊಂದು ವರ್ಷ ಕಾಣದೇ ಹೋಗುವುದನ್ನು ಅವರು ನೋಡಿದ್ದಾರೆ. ಹಾಗಾಗಿ ‘ಭಾಷಣ’ ಎಂಬ ದೂರಿಗೆ ಮಾತು ಕತ್ತರಿಸುವುದಷ್ಟೇ ಪರಿಹಾರವಲ್ಲ. ಆ ಮಾತು ಯಾವ ಕೆಲಸದ ನಡುವೆ ಬರಬೇಕಿತ್ತು ಎಂದು ಆ ಓದುಗರನ್ನೇ ಕೇಳಬೇಕು.

ಎರಡು, ‘ಅವಳು ಯಾಕೆ ಬದಲಾದಳು ಗೊತ್ತಾಗಲಿಲ್ಲ’. ಗುರುತು ಬಿದ್ದ ಪುಟವನ್ನು ತಿದ್ದಿದರೆ ಇದು ಸರಿಹೋಗುವುದಿಲ್ಲ. ಓದುಗರು ಎಡವಿದ ಜಾಗವನ್ನು ಸರಿಯಾಗಿ ತೋರಿಸುತ್ತಾರೆ, ಕಾರಣವನ್ನು ಹಲವು ಸಲ ತಪ್ಪಾಗಿ ಹೇಳುತ್ತಾರೆ. ಕಾರಣ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ಪುಟ ಹಿಂದೆ ಇರುತ್ತದೆ. ಬದಲಾಗುವುದಕ್ಕೆ ಅವಳು ಏನನ್ನು ಬಿಟ್ಟುಕೊಟ್ಟಳು ಎಂಬುದು ಅಲ್ಲಿ ಬಂದಿರುವುದಿಲ್ಲ. ಕೆಲಸ ಬಿಟ್ಟಳು ಎಂದರೆ ಸಾಲದು. ಸಂಬಳ ನಿಂತ ಮೇಲೆ ಸೊಸೈಟಿಯ ಸಾಲದ ಕಂತು ಯಾರು ಕಟ್ಟಿದರು ಎಂದು ಈ ಜಿಲ್ಲೆಯ ಓದುಗರು ಕೇಳಿಯೇ ಕೇಳುತ್ತಾರೆ. ಕೇಳುವುದು ಸರಿಯಾಗಿಯೇ ಇದೆ.

ಮೂರನೆಯದು ‘ಕೊನೆ ನಂಬಲಿಲ್ಲ’. ಇದನ್ನು ಉತ್ತರ ಕನ್ನಡದ ಓದುಗರು ಹೇಳಿದಾಗ ಹಗುರಾಗಿ ತೆಗೆದುಕೊಳ್ಳಬಾರದು. ಊರು ಎದ್ದು ನಿಂತದ್ದೂ, ನಿಂತ ಮೇಲೆ ಏನಾಯಿತು ಎನ್ನುವುದೂ ಇಲ್ಲಿಯವರಿಗೆ ಕಂಡ ಸಂಗತಿ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸಮೀಪದ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕಡಿತ ತಡೆದರು, ಅಪ್ಪಿಕೋ ಚಳವಳಿ ಅಲ್ಲಿಂದ ಹಬ್ಬಿತು. ಬೇಡ್ತಿ ಅಣೆಕಟ್ಟು ಯೋಜನೆ ಜನರ ವಿರೋಧದಿಂದ ನಿಂತಿತು. ಕೈಗಾ ಅಣು ವಿದ್ಯುತ್ ಸ್ಥಾವರಕ್ಕೂ ವಿರೋಧವಿತ್ತು, ಆದರೂ 2000ದಲ್ಲಿ ಅದರ ಮೊದಲ ಎರಡು ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲೂಕುಗಳ ಊರುಗಳೇ ಎದ್ದು ಹೋದವು. ಗೆದ್ದದ್ದು, ಸೋತದ್ದು, ಅರ್ಧ ಗೆದ್ದದ್ದು ಎಲ್ಲವೂ ಐವತ್ತು ಅರವತ್ತು ಮೈಲಿಯೊಳಗೆ ಕಂಡವರಿಗೆ, ಕೊನೆಯ ಅಧ್ಯಾಯದಲ್ಲಿ ಒಂದು ಸಭೆ ಸೇರಿ ಎಲ್ಲ ಸರಿಹೋಯಿತು ಎಂದರೆ ಹೇಗೆ ಒಪ್ಪಿಗೆಯಾದೀತು? ನೆಲೆ ಕಳೆದುಕೊಂಡ ಕುಟುಂಬದ ಓದುಗರ ಪ್ರತಿಯಲ್ಲಿ ಇನ್ನೊಂದನ್ನೂ ಗಮನಿಸಬೇಕು. ಲೋಕ ಮಗ್ಗುಲು ಬದಲಿಸುವುದು ಕಾದಂಬರಿಗೆ ಮುಂದೆ ಬರಲಿರುವ ಘಟನೆ, ಅವರಿಗೆ ಅದು ಆಗಲೇ ಆಗಿಹೋಗಿರುವುದು. ಅವರ ಗುಣಿಸು ಗುರುತುಗಳು ಮೊದಲ ಅಧ್ಯಾಯದಿಂದಲೇ ಶುರುವಾಗುತ್ತವೆ.

ಒಂದು ಎಚ್ಚರ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ, ಗುಡ್ಡ ಜರಿಯುವ ದೃಶ್ಯವಿರುವ ಹಸ್ತಪ್ರತಿಯನ್ನು ಆ ಭಾಗದವರಿಗೆ ಮುನ್ಸೂಚನೆಯಿಲ್ಲದೆ ಕೊಡಬಾರದು. ಯಾವ ಪುಟದಲ್ಲಿ ಏನಿದೆ ಎಂದು ಮೊದಲೇ ಹೇಳಿ, ಬೇಡವೆಂದರೆ ಆ ಅಧ್ಯಾಯ ಬಿಟ್ಟು ಓದಲು ಹೇಳಬೇಕು.

ಓದಿ ಮುಗಿಸಿದವರ ಜೊತೆ ಮಾತಿಗೆ ಕೂರುವಾಗ ‘ಹೇಗಿದೆ?’ ಎಂದು ಕೇಳುವುದಿಲ್ಲ. ‘ಕಥೆಯನ್ನು ನನಗೆ ಹೇಳಿ’ ಎನ್ನುತ್ತೇನೆ. ಅವರು ಹೇಳುವಾಗ ಬಿಟ್ಟುಹೋಗುವ ಅಧ್ಯಾಯಗಳನ್ನು ಬರೆದುಕೊಳ್ಳಬೇಕು. ಮೂವರ ಬಾಯಲ್ಲೂ ಬಾರದ ಅಧ್ಯಾಯ ಕಾದಂಬರಿಗೆ ಬೇಕಿಲ್ಲದ್ದು ಇರಬಹುದು. ಆಮೇಲೆ ಎರಡು ಪ್ರಶ್ನೆ: ಅವಳು ಬದಲಾದದ್ದು ಯಾವ ಪುಟದಲ್ಲಿ? ಊರು ಬದಲಾದದ್ದು ಯಾವ ಪುಟದಲ್ಲಿ? ಹನ್ನೆರಡು ಜನ ಹನ್ನೆರಡು ಪುಟ ತೋರಿಸಿದರೆ ಆ ಘಟನೆ ಪುಸ್ತಕದಲ್ಲಿ ನಡೆದೇ ಇಲ್ಲ, ಬರೆದವರ ಮನಸ್ಸಿನಲ್ಲಿ ನಡೆದಿದೆ. ಬರೆದವರು ಈ ಮಾತುಕತೆಯಲ್ಲಿ ಇರದಿದ್ದರೆ ಒಳಿತು. ಇದ್ದರೆ ಸುಮ್ಮನಿರಬೇಕು. ‘ಅಲ್ಲ ಅಕ್ಕಾ, ನಾನು ಅಲ್ಲಿ ಹೇಳಹೊರಟಿದ್ದು...’ ಎಂದು ಬಾಯಿ ಬಿಟ್ಟೊಡನೆ ಓದುಗರು ಮರ್ಯಾದೆಗೆ ತಲೆಯಾಡಿಸತೊಡಗುತ್ತಾರೆ, ಅಲ್ಲಿಗೆ ಕೆಲಸ ಕೆಟ್ಟಿತು.

ನನಗೆ ಎಲ್ಲಕ್ಕಿಂತ ಹೆಚ್ಚು ಕೊಟ್ಟಿರುವ ಕ್ರಮ ಯಕ್ಷಗಾನದ ತಾಳಮದ್ದಳೆಯಿಂದ ಬಂದದ್ದು. ಈ ಜಿಲ್ಲೆಯಲ್ಲಿ ಅದನ್ನು ಕೇಳಿ ಬೆಳೆದ ಓದುಗರು ತುಂಬಾ ಜನ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹೇಳಿದ ಮೇಲೆ ಅರ್ಥಧಾರಿ ಕುಳಿತಲ್ಲೇ ಪಾತ್ರವಾಗಿ ಮಾತಾಡುತ್ತಾರೆ, ಎದುರಿನವರು ಪ್ರಶ್ನೆ ಹಾಕುತ್ತಾರೆ. ಇದನ್ನೇ ಕಾದಂಬರಿಗೆ ಹಚ್ಚುತ್ತೇನೆ. ಪಾತ್ರ ದೊಡ್ಡ ನಿರ್ಧಾರ ತೆಗೆದುಕೊಳ್ಳುವ ಎರಡು ಪುಟವನ್ನು ಗಟ್ಟಿಯಾಗಿ ಓದಿಸಿ, ಒಬ್ಬ ಓದುಗರಿಗೆ ‘ನೀವು ಆ ಹುಡುಗಿಯ ಅರ್ಥ ಹೇಳಿ’ ಎನ್ನುವುದು. ಇನ್ನೊಬ್ಬರು ಅವಳ ತಾಯಿಯಾಗಿಯೋ ದೋಣಿ ಮಾಲೀಕನಾಗಿಯೋ ಎದುರು ಕೂರುವುದು. ಹತ್ತು ನಿಮಿಷ ಸಾಕು. ಅವರ ವಾದದ ಒಂದೊಂದು ಕಾರಣವೂ ಎಲ್ಲಿಂದ ಬಂತು ಎಂದು ಗುರುತು ಹಾಕಿಕೊಳ್ಳಬೇಕು. ಪುಸ್ತಕದಿಂದ ಬಂದಿದ್ದರೆ ಬರೆದದ್ದು ತಲುಪಿದೆ. ಓದುಗರು ತಮ್ಮ ಬದುಕಿನಿಂದ ಎತ್ತಿಕೊಂಡಿದ್ದರೆ ಪಾತ್ರ ಜೀವಂತವಾಗಿದೆ, ಆದರೆ ಆ ಕಾರಣಕ್ಕೆ ಪುಸ್ತಕದಲ್ಲಿ ಜಾಗ ಮಾಡಬೇಕು. ಮಾತೇ ಹುಟ್ಟದೆ ನಿಂತರೆ ನಿರ್ಧಾರ ಟೊಳ್ಳು. ಆ ದೃಶ್ಯವನ್ನು ಮೊದಲಿನಿಂದ ಬರೆಯಬೇಕು. ತಾಯಿಯ ಪರ ವಾದಿಸಿದವರು ಸುಲಭವಾಗಿ ಗೆದ್ದುಬಿಟ್ಟರೂ ಇದೇ ಮದ್ದು. ಕೊಂಕಣಿಯಲ್ಲಿ ಚೆನ್ನಾಗಿ ಮಾತು ಬರುವವರು ಕೊಂಕಣಿಯಲ್ಲೇ ಅರ್ಥ ಹೇಳಲಿ. ಬಲವಂತದ ಕನ್ನಡದಲ್ಲಿ ವಾದ ಸೊರಗುತ್ತದೆ.

ಎಲ್ಲ ಗುರುತುಗಳನ್ನೂ ಒಂದು ಉದ್ದ ಪುಸ್ತಕದಲ್ಲಿ ಇಳಿಸುತ್ತೇನೆ: ಪುಟ, ಗುರುತು, ಓದುಗರ ಸಂಖ್ಯೆ, ಅವರ ಮಾತು ಅವರದೇ ನುಡಿಯಲ್ಲಿ. ಹೆಸರು ಬರೆಯುವುದಿಲ್ಲ, ಬರೆದರೆ ಲೇಖಕರು ಮಾತಿಗಿಂತ ಮನುಷ್ಯರನ್ನು ತೂಗುತ್ತಾರೆ. ಯಾರ ಸರಿ ಗುರುತೂ ಇಲ್ಲದೆ ಒಂದೇ ಪುಟಕ್ಕೆ ಮೂವರ ಗೀಟು ಅಥವಾ ಗುಣಿಸು ಬಿದ್ದರೆ ಅದನ್ನು ತಿದ್ದಲೇಬೇಕು. ಒಬ್ಬರದೇ ಆದರೆ ಬರೆದವರ ಇಷ್ಟ. ಸಂಗತಿಯ ತಪ್ಪಿಗೆ ಮಾತ್ರ ಒಬ್ಬರ ಮಾತೇ ಸಾಕು: ಮಳೆಗಾಲದ ಬೆಳೆಯಾದ ಕಗ್ಗವನ್ನು ಕಾದಂಬರಿಯಲ್ಲಿ ಏಪ್ರಿಲ್ ಬಿಸಿಲಲ್ಲಿ ಕೊಯ್ಯಿಸಿದ್ದರೆ, ಕುಮಟಾದ ಒಬ್ಬ ರೈತ ಹಾಕಿದ ಗುಣಿಸು ಗುರುತು ಉಳಿದ ಹನ್ನೊಂದು ಜನರ ಮೌನಕ್ಕಿಂತ ದೊಡ್ಡದು. ಒಂದೇ ಪುಟಕ್ಕೆ ಕೆಲವರು ಸರಿ ಗುರುತು, ಕೆಲವರು ಗುಣಿಸು ಹಾಕಿದ್ದರೆ ಕೈ ಹಚ್ಚಬೇಡಿ. ಕಾದಂಬರಿಯ ಕಸುವು ಇರುವುದು ಅಂಥ ಪುಟಗಳಲ್ಲೇ. ಎಲ್ಲರಿಗೂ ಒಪ್ಪಿಗೆಯಾಗಲಿ ಎಂದು ಅವನ್ನು ನಯ ಮಾಡಿದ ಹಸ್ತಪ್ರತಿ ಸಪ್ಪೆಯಾಗುತ್ತದೆ.

ಅಚ್ಚಾದ ಮೇಲಿನ ಪ್ರತಿಕ್ರಿಯೆ ಬೇರೆ ಬಗೆಯದು. ಬಿಡುಗಡೆಯ ವಾರ ಬರುವ ಮಾತೆಲ್ಲ ಮುಖಪುಟದ್ದು, ಸಮಾರಂಭದ್ದು. ಆರು ವಾರ ಕಳೆದ ಮೇಲೆ ಬರುವುದು ಓದಿದವರ ಮಾತು. ಪ್ರತಿ ಪುಸ್ತಕದೊಳಗೆ ವಿಳಾಸ ಬರೆದ ಅಂಚೆ ಕಾರ್ಡ್ ಇಡಿ. ಕಾರ್ಡಿನಲ್ಲಿ ಒಂದೇ ಪ್ರಶ್ನೆ ಅಚ್ಚು ಹಾಕಿಸಿ: ‘ಯಾವ ಪುಟದಲ್ಲಿ ನಿಂತಿರಿ, ಯಾಕೆ?’ ಹಿರಿಯರಿಗೆ ವಾಟ್ಸಾಪ್ ಧ್ವನಿ ಸಂದೇಶ ಸಲೀಸು. ಬರೆಯುವಾಗ ಎರಡು ಸಾಲಿಗೆ ಮುಗಿಸುವವರು ಮಾತಾಡುವಾಗ ಐದು ನಿಮಿಷ ಮಾತಾಡುತ್ತಾರೆ. ಅದನ್ನು ಕೇಳಿ ಬರೆದಿಟ್ಟುಕೊಳ್ಳಿ, ಆದರೆ ಅವರ ಒಪ್ಪಿಗೆಯಿಲ್ಲದೆ ಎಲ್ಲೂ ಹಂಚಬೇಡಿ, ಎರಡನೇ ಮುದ್ರಣದ ಹಿಂಬದಿಯಲ್ಲಿ ಹಾಕಬೇಡಿ.

ಎರಡನೇ ಮುದ್ರಣಕ್ಕೆ ತಿದ್ದುವಾಗ ಪುಟ ಉಬ್ಬದಂತೆ ನೋಡಿಕೊಳ್ಳಬೇಕು. ಪುಸ್ತಕ ಹದಿನಾರು ಪುಟದ ಫಾರಂ ಲೆಕ್ಕದಲ್ಲಿ ಅಚ್ಚಾಗುತ್ತದೆ. 240 ಪುಟ ಅಂದರೆ ಸರಿಯಾಗಿ ಹದಿನೈದು ಫಾರಂ. ತಿದ್ದಿದ ಸಾಲು ಮುಂದಿನ ಪುಟಕ್ಕೆ ಉಕ್ಕಿ ಕೊನೆಯಲ್ಲಿ 241ನೇ ಪುಟ ಹುಟ್ಟಿತೆಂದರೆ ಇನ್ನೊಂದು ಫಾರಮಿನ ಖರ್ಚು ಬೀಳುತ್ತದೆ. ಆದ್ದರಿಂದ ಎರಡು ಸಾಲು ಸೇರಿಸುವ ಪುಟದಲ್ಲೇ ಎರಡು ಸಾಲು ತೆಗೆಯಬೇಕು. ಯಾವುದನ್ನು ತೆಗೆಯುವುದು ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ, ಗುರುತು ಇಳಿಸಿದ ಆ ಉದ್ದ ಪುಸ್ತಕ ತೆರೆದು ಅದೇ ಭಾಗದ ಗೀಟು ಎಲ್ಲಿ ಬಿದ್ದಿದೆ ನೋಡಿದರೆ ಆಯಿತು.