ಉದ್ಯಮಬಾಗದ ಹಳೆ ಪಿಸಿಯಲ್ಲಿ ನಮ್ಮದೇ ಗಿಟ್ ಸರ್ವರ್: ನನ್ನ ಅನುಭವ

ದೀಪಾವಳಿಗೆ ಐದು ದಿನ ನಮ್ಮ ಮಷಿನ್ ಶಾಪ್ ಬಂದ್ ಇತ್ತು. ತಿರುಗಿ ಬಂದು ಎರಡನೇ ವಿಎಂಸಿ (ಕಂಪ್ಯೂಟರ್ ಪ್ರೋಗ್ರಾಂನಿಂದ ಲೋಹ ಕೊರೆಯೋ ಮಷಿನ್) ಆನ್ ಮಾಡಿದರೆ ಕಂಟ್ರೋಲರ್ ಮೆಮೊರಿ ಖಾಲಿ! ಬ್ಯಾಕಪ್ ಬ್ಯಾಟರಿ ಸತ್ತಿತ್ತು. 'ಬ್ಯಾಟರಿ ಲೋ' ಅಂತ ಹದಿನೈದು ದಿನದಿಂದ ಸ್ಕ್ರೀನ್ ಮೇಲೆ ಬರುತ್ತಿತ್ತಂತೆ, ಯಾರೂ ನನಗೆ ಹೇಳಿರಲಿಲ್ಲ. ತೊಂಬತ್ತರ ಮೇಲೆ ಪ್ರೋಗ್ರಾಂ, ಜೊತೆಗೆ ಪ್ಯಾರಾಮೀಟರ್ (ಮಷಿನ್‌ನ ಸೆಟ್ಟಿಂಗ್), ಎಲ್ಲಾ ಸಾಫ್. ಮಾಲಕರದ್ದು ಫೋನ್ ಮೇಲೆ ಫೋನ್. ನಾನು ಮೊದಲು ಚಹಾ ಕುಡಿದೆ. ಆಮೇಲೆ ನಮ್ಮ ಗಿಟ್ ಸರ್ವರ್‌ನಿಂದ ಆ ಮಷಿನ್‌ನ ಫೋಲ್ಡರ್ ಎಳೆದುಕೊಂಡು ಆರ್‌ಎಸ್-232 ಕೇಬಲ್ (ಹಳೆ ಸೀರಿಯಲ್ ಕೇಬಲ್) ಹಚ್ಚಿದೆ. ಪ್ರೋಗ್ರಾಂ ತುಂಬೋದಕ್ಕಿಂತ ರೆಫರೆನ್ಸ್ (ಮಷಿನ್‌ನ ಶೂನ್ಯ ಸ್ಥಾನ) ಸೆಟ್ ಮಾಡೋದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಊಟದ ಹೊತ್ತಿಗೆ ಮಷಿನ್ ಓಡುತ್ತಿತ್ತು.

ಎರಡು ವರ್ಷ ಈ ಸರ್ವರ್ ವಿಷಯಕ್ಕೆ ಬೈಸಿಕೊಂಡವನು ನಾನು. ಅದಕ್ಕೇ ಬರೆಯುತ್ತಿದ್ದೇನೆ. ಗಿಟ್ ಅಂದರೆ ಫೈಲ್‌ಗಳ ಪ್ರತಿ ಬದಲಾವಣೆಯನ್ನೂ ಕಾಪಿಡೋ ಸಾಫ್ಟ್‌ವೇರ್, ಎಸ್‌ಎಸ್‌ಎಚ್ ಅಂದರೆ ದೂರದ ಪಿಸಿಗೆ ಭದ್ರವಾಗಿ ಲಾಗಿನ್ ಆಗೋ ದಾರಿ. ಇದಕ್ಕಿಂತ ಹೆಚ್ಚು ವಿವರಿಸುವುದಿಲ್ಲ.

ನಮ್ಮದು ಬೆಳಗಾವಿ ಉದ್ಯಮಬಾಗದಲ್ಲಿ ಜಾಬ್ ವರ್ಕ್ ಶಾಪ್. ಆರು ಮಷಿನ್. ಹೈಡ್ರಾಲಿಕ್ ವಾಲ್ವ್ ಬಾಡಿ ಜಾಸ್ತಿ. ಮೊದಲು ಪ್ರೋಗ್ರಾಂಗಳೆಲ್ಲ ಪೆನ್‌ಡ್ರೈವ್‌ನಲ್ಲಿ ಓಡಾಡುತ್ತಿದ್ದವು. 'ಫೈನಲ್', 'ಫೈನಲ್ ಹೊಸದು', 'ಫೈನಲ್ ಹೊಸದು ಇದೇ ಹಾಕು' ಅಂತ ಹೆಸರು. ಒಂದು ದಿನ ಸೆಕೆಂಡ್ ಶಿಫ್ಟಿನವನು ಹಳೆ ರಿವಿಜನ್ ಹಾಕಿಬಿಟ್ಟ. ಬೋರ್ (ಒಳಗಿನ ರಂಧ್ರ) ದೊಡ್ಡದಾಯಿತು. ಇಪ್ಪತ್ತೆರಡು ಬಾಡಿ ಸ್ಕ್ರ್ಯಾಪ್. ಕಾಸ್ಟಿಂಗ್, ಟೂಲ್, ಮಷಿನ್ ಅವರ್ ಎಲ್ಲಾ ಸೇರಿ 35 ಸಾವಿರದ ಹತ್ತಿರ ಹೋಯಿತು.

ಗಿಟ್‌ಹಬ್ ಅನ್ನೋ ಇಂಟರ್ನೆಟ್ ಸೇವೆಯಲ್ಲಿ ಹಾಕಬಹುದಿತ್ತು, 2019ರಿಂದ ಖಾಸಗಿ ರೆಪೊ (ಗಿಟ್ ಫೈಲ್‌ಗಳ ಭಂಡಾರ) ಪುಕ್ಕಟೆ ಸಿಗುತ್ತದೆ. ಆದರೆ ನಮ್ಮ ಇಬ್ಬರು ಕಸ್ಟಮರ್ ಡ್ರಾಯಿಂಗ್, ಪ್ರೋಗ್ರಾಂ ಶಾಪಿನ ಹೊರಗೆ ಇಡಬಾರದು ಅಂತ ಬರೆಸಿಕೊಂಡಿದ್ದಾರೆ. ಹಾಗಾಗಿ ಶಾಪಿನಲ್ಲೇ ಇರಬೇಕು, ಇಲ್ಲೇ ಬೆಳಗಾವಿಯ ಶಹಾಪುರದ ಮನೆಯಿಂದ ನನಗೂ ಸಿಗಬೇಕು.

ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಗೆಳೆಯನಿಗೆ ಹೇಳಿದೆ. "ಲೇ, ಶಾಪಿನ್ಯಾಗ ಸರ್ವರ್ ಇಟ್ಟು ಯಾರು ಕಾಯ್ತಾರೋ?" ಅಂದ. ಮಾಲಕರದ್ದು ಇನ್ನೊಂದು: "ಪೆನ್‌ಡ್ರೈವ್ ಐತಲ್ಲೋ ತಮ್ಮಾ, ಇದರ ಉಸಾಬರಿ ಯಾಕ?"

ಬಿಲ್ಲಿಂಗ್‌ಗೆ ಇದ್ದ ಹಳೆ ಪಿಸಿ ಮೂಲೆಯಲ್ಲಿ ಬಿದ್ದಿತ್ತು. ಅದಕ್ಕೆ ಒಂದು ಸಣ್ಣ ಎಸ್‌ಎಸ್‌ಡಿ ಹಾಕಿದೆ, ಸುಮಾರು 1,800 ರೂಪಾಯಿ. ಡೆಬಿಯನ್ ಲಿನಕ್ಸ್ ಹಾಕಿ, 'ಗಿಟ್' ಅಂತ ಒಂದು ಯೂಸರ್ ಮಾಡಿ, ಬೇರ್ ರೆಪೊ (ಇತಿಹಾಸ ಮಾತ್ರ ಇಡೋ ರೆಪೊ) ತೆರೆದೆ. ಆ ಯೂಸರ್‌ಗೆ ಎಲ್ಲಾ ಕಮಾಂಡ್ ಓಡಿಸೋ ಬ್ಯಾಶ್ ಬದಲು ಗಿಟ್-ಶೆಲ್ ಕೊಟ್ಟೆ. ಪುಶ್ (ಬದಲಾವಣೆ ಕಳಿಸೋದು), ಪುಲ್ (ತರೋದು) ಬಿಟ್ಟರೆ ಬೇರೆ ಏನೂ ನಡೆಯುವುದಿಲ್ಲ. ಯಾರ ಕೀಗೆ (ಪಾಸ್‌ವರ್ಡ್ ಬದಲಿನ ಗುರುತಿನ ಫೈಲ್) ಒಳಗೆ ಬಿಡಬೇಕು ಅನ್ನೋ ಆಥರೈಜ್ಡ್ ಕೀಸ್ ಫೈಲ್‌ನಲ್ಲಿ ಪ್ರತಿ ಕೀ ಮುಂದೆ, ಬೇರೆ ಸೌಲಭ್ಯ ಬಂದ್ ಮಾಡೋ 'ರಿಸ್ಟ್ರಿಕ್ಟ್' ಅಂತ ಒಂದೇ ಪದ. ಮೊದಲಿನ ಹಾಗೆ ನೋ-ಪಿಟಿವೈ, ನೋ-ಪೋರ್ಟ್-ಫಾರ್ವರ್ಡಿಂಗ್ ಅಂತ ಉದ್ದಕ್ಕೆ ಬರೆಯೋ ಗೋಜಿಲ್ಲ. ಇಷ್ಟು ಒಂದು ಮಧ್ಯಾಹ್ನದ ಕೆಲಸ.

ನಾನು ಕೆಟ್ಟಿದ್ದು ಆಮೇಲೆ.

ಜೊತೆಗಾರ ಪುಶ್ ಮಾಡಿದರೆ ರೆಪೊದಲ್ಲಿ ಪರ್ಮಿಷನ್ ಎರರ್ ಬರುತ್ತಿತ್ತು. ನಾನೇ ಮೊದಲು ರೂಟ್ ಅಕೌಂಟ್‌ನಿಂದ (ಎಲ್ಲಾ ಅಧಿಕಾರ ಇರೋದು) ಕೆಲವು ಫೈಲ್ ಕಾಪಿ ಮಾಡಿದ್ದೆ, ತಪ್ಪು ಅಲ್ಲೇ ಇತ್ತು. ಅದನ್ನು ನೋಡದೆ ರಾತ್ರಿ ಮನೆಯಿಂದ ಗಿಟ್ ಯೂಸರ್‌ನ ಪೂರ್ತಿ ಹೋಮ್ ಡೈರೆಕ್ಟರಿಗೆ (ಸ್ವಂತ ಫೋಲ್ಡರ್) ಗ್ರೂಪ್ ರೈಟ್ (ಗುಂಪಿನವರೆಲ್ಲ ಬರೆಯೋ ಅನುಮತಿ) ಕೊಟ್ಟೆ. ನನ್ನ ಸ್ವಂತ ಅಕೌಂಟಿಗೂ ಕೊಟ್ಟೆ, ಯಾಕೆ ಅಂತ ಈಗಲೂ ಕೇಳಬೇಡಿ. ಅದೇ ಗುಂಗಿನಲ್ಲಿ ಪಾಸ್‌ವರ್ಡ್ ಲಾಗಿನ್ ಬಂದ್ ಮಾಡಿ, ಸರ್ವಿಸ್ ರೀಸ್ಟಾರ್ಟ್ ಮಾಡಿ, ಇದ್ದ ಒಂದೇ ಸೆಷನ್ ಮುಚ್ಚಿದೆ. ಮತ್ತೆ ಲಾಗಿನ್ ಆಗೋಣ ಅಂದರೆ ಪರ್ಮಿಷನ್ ಡಿನೈಡ್. ಕೀ ಸರಿ ಇದೆ, ಫೈಲ್ ಸರಿ ಇದೆ, ಆದರೂ ಒಳಗೆ ಬಿಡುತ್ತಿಲ್ಲ.

ಜುಲೈ ತಿಂಗಳು. ಬೆಳಗಾವಿ ಮಳೆ ಗೊತ್ತಲ್ಲ. ರಾತ್ರಿ ಹತ್ತೂವರೆಗೆ ರೇನ್‌ಕೋಟ್ ಹಾಕಿಕೊಂಡು ಸ್ಕೂಟರ್ ತೆಗೆದೆ. ಶಾಪಿಗೆ ಹೋದರೆ ಆ ಪಿಸಿಗೆ ಮಾನಿಟರ್ ಇಲ್ಲ. ಆಫೀಸಿನ ಮಾನಿಟರ್ ಬಿಚ್ಚಿ ತಂದೆ. ವಾಚ್‌ಮನ್ ಅನುಮಾನದಿಂದ ನೋಡುತ್ತಾ ನಿಂತಿದ್ದ. ಲಾಗ್ ತೆಗೆದರೆ ಒಂದೇ ಸಾಲು: ಹೋಮ್ ಡೈರೆಕ್ಟರಿಯ ಓನರ್‌ಶಿಪ್ ಅಥವಾ ಮೋಡ್ (ಅನುಮತಿ) ಸರಿ ಇಲ್ಲ, ಹಾಗಾಗಿ ನಿರಾಕರಿಸಿದೆ ಅಂತ. ಡಾಟ್ ಎಸ್‌ಎಸ್‌ಎಚ್ ಫೋಲ್ಡರ್ 700, ಕೀ ಫೈಲ್ 600 (ಅಂದರೆ ಆ ಯೂಸರ್‌ಗೆ ಮಾತ್ರ ಅನುಮತಿ) ಇರಬೇಕು ಅನ್ನೋದು ಎಲ್ಲರಿಗೂ ಗೊತ್ತು. ಅದರ ಮೇಲಿನ ಹೋಮ್ ಡೈರೆಕ್ಟರಿಗೆ ಬೇರೆಯವರು ಬರೆಯೋ ಹಾಗಿದ್ದರೂ ಎಸ್‌ಎಸ್‌ಎಚ್ ಒಪ್ಪುವುದಿಲ್ಲ ಅನ್ನೋದು ನನ್ನ ತಲೆಯಲ್ಲಿರಲಿಲ್ಲ. ಅನುಮತಿ ಬದಲಿಸೋ ಸಿಎಚ್‌ಮಾಡ್ ಕಮಾಂಡ್ ಒಂದು ಹೊಡೆದೆ, ಅರ್ಧ ನಿಮಿಷ. ಹೋಗಿಬರೋದಕ್ಕೆ ಒಂದೂವರೆ ತಾಸು, ಮರುದಿನ ನೆಗಡಿ. ಈಗ ಏನೇ ಬದಲಿಸಿದರೂ ಒಂದು ಸೆಷನ್ ತೆರೆದೇ ಇಟ್ಟು, ಇನ್ನೊಂದು ಟರ್ಮಿನಲ್‌ನಿಂದ ಲಾಗಿನ್ ಆಗಿ ನೋಡುತ್ತೇನೆ.

ಇನ್ನೊಂದು ತಲೆನೋವು ಅಂದರೆ ನಮ್ಮ ಬ್ರಾಡ್‌ಬ್ಯಾಂಡ್‌ಗೆ ಪಬ್ಲಿಕ್ ಐಪಿ (ಹೊರಗಿನಿಂದ ನೇರ ತಲುಪೋ ವಿಳಾಸ) ಇರಲಿಲ್ಲ. ಸ್ಟ್ಯಾಟಿಕ್ ಐಪಿಗೆ (ಬದಲಾಗದ ವಿಳಾಸ) ಬ್ರಾಡ್‌ಬ್ಯಾಂಡ್‌ನವರು ಹೇಳಿದ ರೇಟ್ ಕೇಳಿ ಫೋನ್ ಇಟ್ಟೆ. ಬದಲಿಗೆ ತಿಂಗಳಿಗೆ 450 ರೂಪಾಯಿಯ ಸಣ್ಣ ವಿಪಿಎಸ್ (ಇಂಟರ್ನೆಟ್‌ನಲ್ಲಿ ಬಾಡಿಗೆಗೆ ಸಿಗೋ ಸರ್ವರ್) ತೆಗೆದುಕೊಂಡೆ. ಶಾಪಿನ ಪಿಸಿ ತಾನೇ ಹೊರಗೆ ಹೋಗಿ ಅಲ್ಲಿಗೆ ರಿವರ್ಸ್ ಟನೆಲ್ (ವಾಪಸ್ ಒಳಗೆ ಬರೋ ದಾರಿ) ಕಟ್ಟುತ್ತದೆ. ನಾನು ವಿಪಿಎಸ್ ಮೇಲಿಂದ ಜಂಪ್ ಮಾಡಿ ಶಾಪಿನೊಳಗೆ ಬರುತ್ತೇನೆ. ಒಂದು ಎಸ್‌ಎಸ್‌ಎಚ್ ಒಳಗೆ ಇನ್ನೊಂದು ಎಸ್‌ಎಸ್‌ಎಚ್. ವಿಪಿಎಸ್‌ನಲ್ಲಿ ಕಸ್ಟಮರ್ ಫೈಲ್ ಒಂದೂ ಇರುವುದಿಲ್ಲ, ಹಾದುಹೋಗುವುದನ್ನೂ ಅದು ಓದಲಾರದು. ಕಸ್ಟಮರ್‌ಗೆ ಕೊಟ್ಟ ಮಾತು ಉಳಿಯಿತು.

ವಿಪಿಎಸ್‌ನಲ್ಲೂ ಒಂದು ಗುಂಡಿಗೆ ಬಿದ್ದೆ. ಮುಖ್ಯ ಕಾನ್ಫಿಗ್‌ನಲ್ಲಿ ಪಾಸ್‌ವರ್ಡ್ ಲಾಗಿನ್ 'ನೋ' ಅಂತ ಬರೆದು ನಿಶ್ಚಿಂತೆಯಿಂದ ಮಲಗಿದೆ. ಮುಂಜಾನೆ ನೋಡಿದರೆ ರೂಟ್ ಹೆಸರಲ್ಲಿ ನಾಲ್ಕೈದು ಸಾವಿರ ತಪ್ಪು ಪಾಸ್‌ವರ್ಡ್ ಪ್ರಯತ್ನ. ಪ್ರಯತ್ನ ಬರೋದು ಮಾಮೂಲಿ, ಆದರೆ ಪಾಸ್‌ವರ್ಡ್ ಯಾಕೆ ಕೇಳುತ್ತಿದೆ? ಪಕ್ಕದ ಫೋಲ್ಡರ್‌ನಲ್ಲಿ ಕ್ಲೌಡ್-ಇನಿಟ್ (ವಿಪಿಎಸ್‌ನ ಮೊದಲ ಸೆಟಪ್ ಮಾಡೋ ಪ್ರೋಗ್ರಾಂ) ಬರೆದಿಟ್ಟ 50 ನಂಬರಿನ ಸಣ್ಣ ಫೈಲ್ ಇತ್ತು, ಅದರಲ್ಲಿ 'ಯೆಸ್'. ಸರ್ವರ್ ಆ ಸಣ್ಣ ಫೈಲನ್ನೇ ಮೊದಲು ಓದುತ್ತಿತ್ತು, ಈ ಕಾನ್ಫಿಗ್‌ನಲ್ಲಿ ಮೊದಲು ಓದಿದ್ದೇ ಲೆಕ್ಕ, ಕೊನೆಯದ್ದಲ್ಲ. ಎಸ್‌ಎಸ್‌ಎಚ್‌ಡಿಗೆ (ಎಸ್‌ಎಸ್‌ಎಚ್‌ನ ಸರ್ವರ್ ಪ್ರೋಗ್ರಾಂ) ದೊಡ್ಡ 'ಟಿ' ಹಚ್ಚಿ ಓಡಿಸಿದರೆ ನಿಜವಾಗಿ ಯಾವುದು ಜಾರಿಯಲ್ಲಿದೆ ಅಂತ ತೋರಿಸುತ್ತದೆ. ಫೈಲ್ ಓದಿ ನಂಬಬೇಡಿ, ಅದನ್ನು ಓಡಿಸಿ ನೋಡಿ.

ಕರೆಂಟ್ ಹೋಗಿ ಬಂದಾಗಲೆಲ್ಲ ಟನೆಲ್ ಸಾಯುತ್ತಿತ್ತು. ಹಳೆ ಸೆಷನ್ ವಿಪಿಎಸ್‌ನಲ್ಲಿ ಪೋರ್ಟ್ (ಟನೆಲ್‌ನ ಬಾಗಿಲು) ಹಿಡಿದುಕೊಂಡೇ ಕೂತಿರುತ್ತದೆ. ಹೊಸದು ಬಂದರೆ ಫಾರ್ವರ್ಡಿಂಗ್ ಫೇಲ್, ಆದರೆ ಪ್ರೋಸೆಸ್ ಮಾತ್ರ ಸತ್ತಿಲ್ಲ, ಸುಮ್ನೆ ಕೂತಿರುತ್ತದೆ. ಫಾರ್ವರ್ಡಿಂಗ್ ಆಗದಿದ್ದರೆ ಪ್ರೋಸೆಸ್ ನಿಲ್ಲಿಸೋ ಎಕ್ಸಿಟ್-ಆನ್-ಫಾರ್ವರ್ಡ್-ಫೇಲ್ಯೂರ್ ಆನ್ ಮಾಡಿ, ಎರಡೂ ಕಡೆ ಅಲೈವ್ ಇಂಟರ್ವಲ್ (ಸಂಪರ್ಕ ಇದೆಯಾ ಅಂತ ಕೇಳೋ ಅಂತರ) 30 ಸೆಕೆಂಡ್ ಇಟ್ಟೆ. ಅಷ್ಟಕ್ಕೆ ಮುಕ್ಕಾಲು ಸರಿಹೋಯಿತು. ಉಳಿದ ಕಾಲು ಭಾಗಕ್ಕೆ ಒಂದು ಹನ್ನೆರಡು ಸಾಲಿನ ಸ್ಕ್ರಿಪ್ಟ್ ಇದೆ, ಅದು ನನ್ನ ಹತ್ತಿರವೇ ಇರಲಿ. ಪೋರ್ಟ್ ನಂಬರ್ ಕೂಡ ಕೇಳಬೇಡಿ.

ಕೀ ಸಂಗ್ರಹಿಸೋದೇ ಒಂದು ಕಥೆ. ಮಾಲಕರ ಮಗನಿಗೆ ಪಬ್ಲಿಕ್ ಕೀ ಕಳಿಸಪ್ಪಾ ಅಂದರೆ ಯಾರಿಗೂ ಕೊಡಬಾರದ ಪ್ರೈವೇಟ್ ಕೀ ಸಮೇತ ಎರಡನ್ನೂ ಶಾಪಿನ ವಾಟ್ಸಾಪ್ ಗ್ರೂಪಿಗೆ ಹಾಕಿದ. ಹದಿನೇಳು ಮಂದಿ ಇರುವ ಗ್ರೂಪ್! ಒಬ್ಬರು ಥಂಬ್ಸ್ ಅಪ್ ಬೇರೆ ಕೊಟ್ಟಿದ್ದರು. ಅದನ್ನು ಒಗೆದು, ಪಕ್ಕದಲ್ಲಿ ಕೂತು ಹೊಸ ಇಡಿ 25519 ಬಗೆಯ ಕೀ ಮಾಡಿಸಿದೆ.

ಸಿಎನ್‌ಸಿ (ಕಂಪ್ಯೂಟರ್ ನಡೆಸೋ ಮಷಿನ್) ಇಟ್ಟವರಿಗೆ ಒಂದು ಮಾತು. ವಿಂಡೋಸ್‌ನಲ್ಲಿ ಗಿಟ್ ಸಾಮಾನ್ಯ ಸೆಟ್ಟಿಂಗ್‌ನಲ್ಲಿದ್ದರೆ ಸಾಲಿನ ಕೊನೆಯ ಕಾಣದ ಅಕ್ಷರ ಬದಲಿಸುತ್ತದೆ. ಮಷಿನ್‌ಗೆ ಪ್ರೋಗ್ರಾಂ ಕಳಿಸೋ ನಮ್ಮ ಹಳೆ ಡಿಎನ್‌ಸಿ ಸಾಫ್ಟ್‌ವೇರ್‌ಗೆ ಅದು ಆಗಲಿಲ್ಲ, ಕಂಟ್ರೋಲರ್ ಅಲಾರಂ ಹೊಡೆಯಿತು. ಗಿಟ್ ಆಟ್ರಿಬ್ಯೂಟ್ಸ್ ಫೈಲ್‌ನಲ್ಲಿ ಎನ್‌ಸಿ ಫೈಲ್‌ಗಳಿಗೆ (ಮಷಿನ್ ಪ್ರೋಗ್ರಾಂ) 'ಮೈನಸ್ ಟೆಕ್ಸ್ಟ್', ಅಂದರೆ ಸಾಲಿನ ಕೊನೆ ಮುಟ್ಟಬೇಡ ಅಂತ ಹಾಕಿದ ಮೇಲೆ ಶಾಂತಿ. ಆಮೇಲೆ ಹುರುಪು ಹೆಚ್ಚಾಗಿ ಪ್ರಿ-ರಿಸೀವ್ ಹುಕ್ (ಪುಶ್ ಒಪ್ಪೋ ಮುಂಚೆ ಓಡೋ ಸ್ಕ್ರಿಪ್ಟ್) ಬರೆದೆ. ಫೈಲಿನ ಕೊನೆಗೆ ಎಂ30 (ಪ್ರೋಗ್ರಾಂ ಮುಗಿಯಿತು ಅನ್ನೋ ಕೋಡ್) ಇಲ್ಲದಿದ್ದರೆ ಪುಶ್ ವಾಪಸ್. ಮೊದಲ ದಿನ ಎಲ್ಲಾ ಸಬ್‌ಪ್ರೋಗ್ರಾಂಗಳೂ ವಾಪಸ್ ಬಂದವು, ಅವು ಎಂ99ಕ್ಕೆ ಮುಗಿಯುತ್ತವೆ ಅಲ್ವಾ! ಡ್ರಾಯಿಂಗ್ ಫೈಲ್‌ಗಳನ್ನೂ ರೆಪೊಗೆ ತುಂಬಿ ನೋಡಿದೆ. ಎರಡು ತಿಂಗಳಿಗೆ 4 ಜಿಬಿ ದಾಟಿತು, ತೆಗೆದೆ. ಈಗ ಅವಕ್ಕೆ ಆರ್‌ಸಿಂಕ್ (ಫೈಲ್ ಕಾಪಿ ಮಾಡೋ ಪ್ರೋಗ್ರಾಂ).

ಒಟ್ಟು ಖರ್ಚು: ಎಸ್‌ಎಸ್‌ಡಿ, ಸಣ್ಣ ಯುಪಿಎಸ್, ಕೇಬಲ್ ಸೇರಿ ಏಳು ಸಾವಿರದೊಳಗೆ. ಮೇಲೆ ವಿಪಿಎಸ್ ಬಾಡಿಗೆ. ಯುಪಿಎಸ್‌ಗೆ ಮೊದಲು ಮಾಲಕರು ಒಪ್ಪಿರಲಿಲ್ಲ. ಒಂದು ಸಲ ಪುಶ್ ನಡುವೆ ಕರೆಂಟ್ ಹೋಗಿ ಸೊನ್ನೆ ಸೈಜಿನ ಆಬ್ಜೆಕ್ಟ್ ಫೈಲ್ ಉಳಿದು ರೆಪೊ ಕೈಕೊಟ್ಟಿತು. ಇನ್ನೊಂದು ಪಿಸಿಯಲ್ಲಿ ಮಿರರ್ ಕ್ಲೋನ್ (ರೆಪೊದ ಪೂರ್ತಿ ನಕಲು) ಇದ್ದಿದ್ದಕ್ಕೆ ಬಚಾವಾದೆ. ಮರುದಿನವೇ ಯುಪಿಎಸ್ ಬಂತು.

ಪುಣೆ ಗೆಳೆಯ ಹೋದ ವಾರ ಫೋನ್ ಮಾಡಿದ್ದ. ಅವನ ಮಾವನ ಫೌಂಡ್ರಿಗೂ ಇಂಥದ್ದೇ ಬೇಕಂತೆ. ಎಂಟು ಸಾವಿರ ಆಗ್ತದೆ ಅಂದೆ. ಮಾವನನ್ನು ಕೇಳಿ ಹೇಳ್ತೀನಿ ಅಂದ, ಇನ್ನೂ ಹೇಳಿಲ್ಲ. ನಮ್ಮ ಸೆಕೆಂಡ್ ಶಿಫ್ಟ್ ಆಪರೇಟರ್ ಮಾತ್ರ ಇವತ್ತಿಗೂ ಅಂಗಿ ಜೇಬಿನಲ್ಲಿ ಪೆನ್‌ಡ್ರೈವ್ ಇಟ್ಟುಕೊಂಡೇ ಬರುತ್ತಾನೆ. "ಇರಲಿ ಸರ, ಹಾಡು ಅದಾವ್ರಿ" ಅನ್ನುತ್ತಾನೆ.